ಸ್ಕ್ಯಾನ್ ಆಗಿ ವಾರ ಕಳೆದರೂ ರೇಡಿಯೇಷನ್ ಯಾಕೆ ಶುರುವಾಗಿಲ್ಲ?

ಪ್ರಶ್ನೆ: ನಮ್ಮ ತಂದೆಗೆ ಗಂಟಲಿನ ಕ್ಯಾನ್ಸರ್. ಬೆಂಗಳೂರಿನ ಆಸ್ಪತ್ರೆಯಲ್ಲಿ ಮುಖಕ್ಕೆ ಮಾಸ್ಕ್ ಮಾಡಿ, ಸಿಟಿ ಸ್ಕ್ಯಾನ್ ತೆಗೆದು ಎಂಟು ದಿನ ಆಯ್ತು. ಕರೆಂಟ್ ಇಡೋದು ಇನ್ನೂ ಶುರು ಮಾಡಿಲ್ಲ. ಕೇಳಿದ್ರೆ ‘ಪ್ಲಾನ್ ಫಿಸಿಕ್ಸ್‌ನವರ ಹತ್ರ ಇದೆ’ ಅಂತಾರೆ. ಡಾಕ್ಟರ್ ಇರುವಾಗ ಫಿಸಿಕ್ಸ್‌ನವರಿಗೆ ಏನು ಕೆಲಸ? ದಿನ ಹೋದಷ್ಟೂ ಗಡ್ಡೆ ಬೆಳೆಯಲ್ವಾ?

ಉತ್ತರ: ರೇಡಿಯೇಷನ್ ವಿಭಾಗದಲ್ಲಿ ಕೆಲಸ ಮಾಡುವ ನಮಗೆ ಈ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಬರುತ್ತಲೇ ಇರುತ್ತದೆ. ಕೇಳುವವರ ಆತಂಕ ನ್ಯಾಯವಾದದ್ದು. ನೇರವಾಗಿ ಹೇಳುವುದಾದರೆ, ನಿಮ್ಮ ತಂದೆಯವರಿಗೆ ಕೊಡಬೇಕಾದ ಚಿಕಿತ್ಸೆ ಸ್ಕ್ಯಾನ್ ಆದ ದಿನ ಸಿದ್ಧವಾಗಿರುವುದಿಲ್ಲ. ಅದನ್ನು ಅವರೊಬ್ಬರ ದೇಹಕ್ಕಾಗಿಯೇ ತಯಾರಿಸಬೇಕು, ತಯಾರಿಸಿದ್ದನ್ನು ಅಳೆದು ನೋಡಬೇಕು. ತಲೆ, ಕುತ್ತಿಗೆಯ ಕ್ಯಾನ್ಸರ್‌ಗೆ ಇದಕ್ಕೆ ವಾರದ ಆಸುಪಾಸು ಸಮಯ ಹಿಡಿಯುವುದು ಸಹಜ. ಅದಕ್ಕೂ ಮೀರಿ ತಡವಾಗುತ್ತಿದ್ದರೆ ಕಾರಣ ಬೇರೆ ಇರಬಹುದು. ಅದನ್ನು ಕೇಳುವ ಹಕ್ಕು ನಿಮಗಿದೆ. ಹೇಗೆ ಕೇಳಬೇಕೆಂದು ಕೊನೆಯಲ್ಲಿ ಹೇಳುತ್ತೇನೆ.

ಸ್ಕ್ಯಾನ್ ಮುಗಿದ ಮೇಲೆ ಮೊದಲ ಕೆಲಸ ಡಾಕ್ಟರದು. ತಲೆಬುರುಡೆಯ ಬುಡದಿಂದ ಎದೆಯ ಮೇಲ್ಭಾಗದವರೆಗೆ, ಎರಡು ಮೂರು ಮಿಲಿಮೀಟರ್ ಅಂತರದಲ್ಲಿ ತೆಗೆದ ನೂರಕ್ಕೂ ಹೆಚ್ಚು ಚಿತ್ರಗಳಿರುತ್ತವೆ. ರೇಡಿಯೇಷನ್ ಆಂಕಾಲಜಿಸ್ಟ್ ಒಂದೊಂದೇ ಚಿತ್ರದ ಮೇಲೆ ಗಡ್ಡೆ ಎಲ್ಲಿದೆ, ಕುತ್ತಿಗೆಯ ಗಂಟುಗಳು ಎಲ್ಲಿವೆ, ಕಣ್ಣಿಗೆ ಕಾಣದಿದ್ದರೂ ರೋಗ ಹರಡಿರಬಹುದಾದ ಜಾಗ ಯಾವುದು ಎಂದು ಗೆರೆ ಎಳೆಯುತ್ತಾರೆ. ಜೊತೆಗೆ ಉಳಿಸಬೇಕಾದ ಅಂಗಗಳನ್ನೂ ಗುರುತಿಸಬೇಕು. ಬೆನ್ನುಹುರಿ, ಮೆದುಳಿನ ಕಾಂಡ, ಕಿವಿಯ ಮುಂದಿನ ಜೊಲ್ಲುಗ್ರಂಥಿಗಳು, ದವಡೆ ಮೂಳೆ, ನುಂಗುವ ಸ್ನಾಯುಗಳು ಎಲ್ಲವೂ ಈ ಪಟ್ಟಿಯಲ್ಲಿವೆ. ಆಮೇಲೆ ಅವರು ಬರೆಯುವ ಆದೇಶ ಹೆಚ್ಚುಕಡಿಮೆ ಹೀಗಿರುತ್ತದೆ (ಗ್ರೇ ಎಂಬುದು ವಿಕಿರಣದ ಡೋಸಿನ ಅಳತೆ): ಗಡ್ಡೆಗೆ 70 ಗ್ರೇ, 35 ಸಲಕ್ಕೆ ಹಂಚಿ, ಬೆನ್ನುಹುರಿಗೆ 45 ಗ್ರೇ ದಾಟಬಾರದು, ಜೊಲ್ಲುಗ್ರಂಥಿಗೆ ಸರಾಸರಿ 26 ಗ್ರೇ ಒಳಗೆ.

ಈ ಆದೇಶ ನಮ್ಮ ಕೈಗೆ, ಅಂದರೆ ನೀವು ಕೇಳಿದ ‘ಫಿಸಿಕ್ಸ್‌ನವರ’ ಕೈಗೆ ಬರುತ್ತದೆ. ಮೆಡಿಕಲ್ ಫಿಸಿಸಿಸ್ಟ್‌ನ ಕೆಲಸ ಇಲ್ಲಿಂದ ಶುರು.

ಗ್ರೇ ಎಂದರೆ ಒಂದು ಕಿಲೋ ದೇಹಭಾಗ ಹೀರಿಕೊಂಡ ಒಂದು ಜೂಲ್ ಶಕ್ತಿ. ದಿನಕ್ಕೆ ಕೊಡುವ 2 ಗ್ರೇಯಿಂದ ಆ ಜಾಗ ಎಷ್ಟು ಬಿಸಿಯಾಗುತ್ತದೆ ಎಂದು ಲೆಕ್ಕ ಹಾಕಿದರೆ, ಒಂದು ಡಿಗ್ರಿಯ ಎರಡು ಸಾವಿರದಲ್ಲಿ ಒಂದು ಪಾಲು ಅಷ್ಟೇ. ಮೇಜಿನ ಮೇಲೆ ಮಲಗಿದ ನಿಮ್ಮ ತಂದೆಗೆ ಏನೂ ಗೊತ್ತಾಗುವುದಿಲ್ಲ. ಹೊರಗೆ ಮಾನಿಟರ್ ನೋಡುತ್ತಿರುವ ಟೆಕ್ನಾಲಜಿಸ್ಟ್ ಕಣ್ಣಿಗೂ ಕಾಣುವುದಿಲ್ಲ. ಇಷ್ಟು ಅಲ್ಪ ಶಕ್ತಿ ಜೀವಕೋಶದ ಡಿಎನ್ಎಯನ್ನು ತುಂಡರಿಸಬಲ್ಲದು. 2 ಗ್ರೇ ಬದಲು 3 ಗ್ರೇ ಬಿದ್ದರೂ ಆ ಹೊತ್ತಿಗೆ ಯಾರಿಗೂ ತಿಳಿಯುವುದಿಲ್ಲ, ಅದರ ಫಲ ಕಾಣಿಸಿಕೊಳ್ಳುವುದು ವಾರಗಳ ನಂತರ, ಕೆಲವೊಮ್ಮೆ ವರ್ಷಗಳ ನಂತರ. ಹಾಗಾಗಿ ಡೋಸ್ ಸರಿಯಿದೆಯೇ ಎಂದು ತಿಳಿಯಲು ಅಳತೆ ಮತ್ತು ಲೆಕ್ಕ ಬಿಟ್ಟರೆ ಬೇರೆ ದಾರಿಯಿಲ್ಲ. ಡಾಕ್ಟರ್ ಇರುವಾಗ ಭೌತಶಾಸ್ತ್ರ ಓದಿದವರು ಯಾಕೆ ಎಂಬುದಕ್ಕೆ ನನ್ನ ಉತ್ತರ ಇದು.

ಪ್ಲಾನಿಂಗ್ ಅಂದರೆ ಏನು? ರೇಡಿಯೇಷನ್ ಕೊಡುವ ಲಿನಾಕ್ ಎಂಬ ಯಂತ್ರದ ತಲೆ ರೋಗಿಯ ಸುತ್ತ ತಿರುಗುತ್ತಾ ವಿಕಿರಣ ಹಾಯಿಸುತ್ತದೆ. ಅದರ ಬಾಯಿಯಲ್ಲಿ ಟಂಗ್‌ಸ್ಟನ್ನಿನ ತೆಳು ಪಟ್ಟಿಗಳಿವೆ. ಅನೇಕ ಯಂತ್ರಗಳಲ್ಲಿ ಇಂಥವು 120. ಯಂತ್ರ ತಿರುಗಿದಂತೆ ಈ ಪಟ್ಟಿಗಳು ಒಳಹೊರಗೆ ಸರಿದು ಕಿರಣದ ಆಕಾರ ಬದಲಿಸುತ್ತವೆ. ಯಾವ ಕೋನದಲ್ಲಿ ಯಾವ ಪಟ್ಟಿ ಎಲ್ಲಿರಬೇಕು, ಎಷ್ಟು ವಿಕಿರಣ ಹೊರಬರಬೇಕು ಎಂಬುದನ್ನು ಕಂಪ್ಯೂಟರ್ ಹುಡುಕಿ ಕೊಡುತ್ತದೆ. ಆದರೆ ಏನನ್ನು ಹುಡುಕಬೇಕು ಎಂದು ಅದಕ್ಕೆ ಹೇಳುವವರು ನಾವು. ಗಂಟಲಿನ ಕೇಸಿನಲ್ಲಿ ಇದು ನಿಜಕ್ಕೂ ಕಷ್ಟ. ರೋಗ ತಗಲಿದ ಗಂಟು ಜೊಲ್ಲುಗ್ರಂಥಿಗೆ ಅಂಟಿಕೊಂಡಂತೆ ಇರುತ್ತದೆ. ಗ್ರಂಥಿ ಉಳಿಸಲು ಹೋದರೆ ಗಂಟಿನ ಅಂಚಿಗೆ ಡೋಸ್ ಕಡಿಮೆಯಾಗುತ್ತದೆ. ಗಂಟಿಗೆ ಪೂರ್ತಿ ಡೋಸ್ ಕೊಟ್ಟರೆ ಗ್ರಂಥಿ ಸುಟ್ಟು, ಚಿಕಿತ್ಸೆ ಮುಗಿದು ವರ್ಷಗಳಾದರೂ ಬಾಯಿ ಒಣಗಿಯೇ ಇರುತ್ತದೆ. ಆ ಒಣಬಾಯಿಯ ಸಂಕಟ ಸಣ್ಣದಲ್ಲ. ನೀರಿಲ್ಲದೆ ಒಂದು ತುತ್ತು ಮುದ್ದೆ ಇಳಿಯುವುದಿಲ್ಲ, ರಾತ್ರಿ ಎದ್ದೆದ್ದು ನೀರು ಕುಡಿಯಬೇಕು, ಹಲ್ಲುಗಳು ಬೇಗ ಹುಳುಕಾಗುತ್ತವೆ. ಹೀಗಾಗಿ ಮೊದಲ ಪ್ಲಾನ್ ಸಂಖ್ಯೆಗಳ ಪ್ರಕಾರ ಪಾಸಾದರೂ ನಾವು ಅಲ್ಲಿಗೆ ಬಿಡುವುದಿಲ್ಲ. ಸರಾಸರಿ ಚೆನ್ನಾಗಿ ಕಂಡರೂ ಅತಿ ಹೆಚ್ಚು ಡೋಸ್ ಬಿದ್ದಿರುವ ಆ ಒಂದು ಚುಕ್ಕೆ ದವಡೆ ಮೂಳೆಯ ಮೇಲೆ ಕೂತಿರಬಹುದು. ಇಂಥದ್ದನ್ನು ಚಿತ್ರ ಚಿತ್ರವಾಗಿ ನೋಡಿ ‘ಇದು ಬೇಡ, ಇನ್ನೊಮ್ಮೆ ಮಾಡು’ ಎಂದು ಕಿರಿಯರಿಗೆ ಹೇಳುವುದು ಹಿರಿಯ ಫಿಸಿಸಿಸ್ಟ್ ಮಾಡಬೇಕಾದ ಮುಖ್ಯ ಕೆಲಸ. ಪ್ಲಾನ್ ಡಾಕ್ಟರ ಹತ್ತಿರ ಹೋಗುತ್ತದೆ, ತಿದ್ದುಪಡಿಯೊಂದಿಗೆ ವಾಪಸ್ ಬರುತ್ತದೆ. ಯಾವುದನ್ನು ಬಿಟ್ಟುಕೊಡಬಹುದು, ಯಾವುದನ್ನು ಕೂಡದು ಎಂಬ ಕೊನೆಯ ಮಾತು ಡಾಕ್ಟರದೇ.

ಡಾಕ್ಟರ್ ಸಹಿ ಬಿದ್ದ ಮೇಲೂ ರೋಗಿಯನ್ನು ಕರೆಯುವುದಿಲ್ಲ. ಪ್ಲಾನ್ ಮಾಡದ ಇನ್ನೊಬ್ಬ ಫಿಸಿಸಿಸ್ಟ್ ಬೇರೆ ವಿಧಾನದಲ್ಲಿ ಡೋಸ್ ಲೆಕ್ಕ ಹಾಕಿ ತಾಳೆ ನೋಡುತ್ತಾರೆ. ಆಮೇಲೆ ಅದೇ ಪ್ಲಾನನ್ನು ರೋಗಿಯಿಲ್ಲದೆ, ನೂರಾರು ಸಣ್ಣ ಡಿಟೆಕ್ಟರ್‌ಗಳಿರುವ ಉಪಕರಣದ ಮೇಲೆ ನಡೆಸುತ್ತೇವೆ. ಹಗಲೆಲ್ಲ ಯಂತ್ರ ರೋಗಿಗಳಿಗೆ ಬೇಕಾದ್ದರಿಂದ ಈ ಪರೀಕ್ಷೆ ಹೆಚ್ಚಾಗಿ ಸಂಜೆ, ರಾತ್ರಿ ನಡೆಯುತ್ತದೆ. ಅಳೆದ ಬಿಂದುಗಳಲ್ಲಿ ಶೇ. 95 ಭಾಗವಾದರೂ ಲೆಕ್ಕದ ಜೊತೆ ಡೋಸಿನಲ್ಲಿ ಶೇ. 3 ಮತ್ತು ಜಾಗದಲ್ಲಿ 2 ಮಿಲಿಮೀಟರ್ ಮಿತಿಯೊಳಗೆ ಕೂಡಿಬರಬೇಕು ಎಂಬುದು ಈಗ ವ್ಯಾಪಕವಾಗಿ ಬಳಕೆಯಲ್ಲಿರುವ ನಿಯಮ. ಕೂಡಿಬರದಿದ್ದರೆ ಕಾರಣ ಹುಡುಕಬೇಕು, ಅಗತ್ಯ ಬಿದ್ದರೆ ಪ್ಲಾನನ್ನೇ ಹೊಸದಾಗಿ ಮಾಡಬೇಕು. ನಿಮ್ಮ ಎಂಟು ದಿನಗಳಲ್ಲಿ ಒಂದೆರಡು ಹೀಗೆ ಹೋಗಿರಬಹುದು. ಅದಕ್ಕಾಗಿ ದಯವಿಟ್ಟು ಸಿಟ್ಟಾಗಬೇಡಿ.

ಇದೆಲ್ಲದರ ಕೆಳಗೆ ಇನ್ನೊಂದು ಅಳತೆ ಇದೆ. ಯಂತ್ರ ‘ಇಷ್ಟು ಕೊಟ್ಟೆ’ ಎಂದರೆ ನಿಜವಾಗಿ ಅಷ್ಟೇ ಕೊಟ್ಟಿತೇ? ದಿನಾ ಬೆಳಗ್ಗೆ ಮೊದಲ ರೋಗಿ ಒಳಗೆ ಬರುವ ಮುಂಚೆ ಇದನ್ನು ನೋಡುತ್ತೇವೆ. ಶೇ. 3ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಚಿಕಿತ್ಸೆ ಶುರುವಾಗುವುದಿಲ್ಲ. ನಿಯತ ಅವಧಿಗೊಮ್ಮೆ ನೀರಿನ ತೊಟ್ಟಿಯಲ್ಲಿ 10 ಸೆಂಟಿಮೀಟರ್ ಆಳಕ್ಕೆ ಅಯಾನ್ ಚೇಂಬರ್ ಎಂಬ ಪುಟ್ಟ ಉಪಕರಣ ಇಳಿಸಿ ನಿಖರವಾಗಿ ಅಳೆಯುತ್ತೇವೆ. ಆ ಚೇಂಬರ್ ಒಳಗಿರುವುದು ಬರೀ ಗಾಳಿ, ಆದ್ದರಿಂದ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಮಂಗಳೂರು ಕಡಲ ಮಟ್ಟದಲ್ಲಿದೆ, ಅಲ್ಲಿ ಗಾಳಿಯ ಒತ್ತಡ ಸುಮಾರು 1010 ಮಿಲಿಬಾರ್. ಬೆಂಗಳೂರು 900 ಮೀಟರಿಗಿಂತ ಎತ್ತರದಲ್ಲಿರುವುದರಿಂದ ಇಲ್ಲಿ ಒತ್ತಡ 910ರ ಆಸುಪಾಸು. ಚೇಂಬರಿನಲ್ಲಿ ಗಾಳಿ ಸುಮಾರು ಶೇ. 10 ತೆಳುವಾಗಿರುತ್ತದೆ, ರೀಡಿಂಗ್ ಕೂಡ ಅಷ್ಟೇ ಕಡಿಮೆ ಬರುತ್ತದೆ. ಇದನ್ನು ಸರಿದೂಗಿಸದೆ ಯಂತ್ರವೇ ಕಡಿಮೆ ಕೊಡುತ್ತಿದೆ ಎಂದುಕೊಂಡು ಹೆಚ್ಚಿಸಿದರೆ, ಆ ದಿನದಿಂದ ಬರುವ ಪ್ರತಿ ರೋಗಿಗೂ ಶೇ. 10ರಷ್ಟು ಹೆಚ್ಚು ಡೋಸ್. ಹವಾಮಾನ ವರದಿಗಳಲ್ಲಿ ಬರುವ ಒತ್ತಡವನ್ನು ಸಾಮಾನ್ಯವಾಗಿ ಸಮುದ್ರ ಮಟ್ಟಕ್ಕೆ ಹೊಂದಿಸಿ ಕೊಟ್ಟಿರುತ್ತಾರೆ. ಆ ಅಂಕಿಯನ್ನು ಹಾಗೇ ಬಳಸಿದರೂ ಇದೇ ತಪ್ಪಾಗುತ್ತದೆ. ಅದಕ್ಕೇ ಪರೀಕ್ಷಿಸಿದ ಬ್ಯಾರೋಮೀಟರ್ ವಿಭಾಗದಲ್ಲೇ ಇರಬೇಕು. ಹೊಸಬರಿಗೆ ನಾನು ಮೊದಲು ಹೇಳಿಕೊಡುವ ಪಾಠಗಳಲ್ಲಿ ಇದೊಂದು.

ಇಷ್ಟೊಂದು ಎಚ್ಚರ ಅತಿಯಾಯಿತು ಎನಿಸಿದರೆ ಕೋಸ್ಟರಿಕಾದಲ್ಲಿ ನಡೆದದ್ದನ್ನು ಕೇಳಿ. 1996ರಲ್ಲಿ ಅಲ್ಲಿನ ಸಾನ್ ಹೋಸೆ ನಗರದ ಆಸ್ಪತ್ರೆಯೊಂದರಲ್ಲಿ ಕೋಬಾಲ್ಟ್ ಯಂತ್ರಕ್ಕೆ ವಿಕಿರಣ ಸೂಸುವ ಹೊಸ ಮೂಲ ಹಾಕಿ ಅಳತೆ ಮಾಡಿದರು. ಯಂತ್ರದ ಟೈಮರ್ ನಿಮಿಷದ ದಶಾಂಶದಲ್ಲಿತ್ತು. 0.3 ನಿಮಿಷ ಎಂದರೆ 18 ಸೆಕೆಂಡ್, ಅದನ್ನು 30 ಸೆಕೆಂಡ್ ಎಂದು ಓದಿಕೊಂಡರು. ಮೂಲ ಇರುವುದಕ್ಕಿಂತ ದುರ್ಬಲವೆಂದು ಲೆಕ್ಕ ಬಂತು. ಆ ಲೆಕ್ಕದ ಮೇಲೆ ಕೊಟ್ಟ ಚಿಕಿತ್ಸೆ ಅಗತ್ಯಕ್ಕಿಂತ ಶೇ. 50ಕ್ಕೂ ಹೆಚ್ಚು ಜಾಸ್ತಿಯಾಯಿತು. ತಪ್ಪು ಬೆಳಕಿಗೆ ಬರಲು ಒಂದು ತಿಂಗಳು ಹಿಡಿಯಿತು, ಅಷ್ಟರಲ್ಲಿ 115 ರೋಗಿಗಳು ಬಾಧಿತರಾಗಿದ್ದರು. ಹಲವರು ಸತ್ತರು. ಇನ್ನೊಬ್ಬರು ಸ್ವತಂತ್ರವಾಗಿ ಒಮ್ಮೆ ಅಳೆದಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿದ್ದ ತಪ್ಪು ಅದು. ನಮ್ಮ ಕಸುಬಿನಲ್ಲಿರುವ ಯಾರೂ ಈ ಘಟನೆಯನ್ನು ಮರೆಯಬಾರದು. ಎರಡನೆಯ ವ್ಯಕ್ತಿ ನೋಡದ ಪ್ಲಾನನ್ನು, ಎಷ್ಟೇ ಒತ್ತಡ ಬಂದರೂ, ಯಂತ್ರಕ್ಕೆ ಕಳಿಸಬಾರದು ಎಂದು ನಾನು ನಂಬುವುದು ಇದಕ್ಕೇ.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಬರುವವರು ಭೌತಶಾಸ್ತ್ರ ಓದಿ, ಮೇಲೆ ವಿಕಿರಣ ಭೌತಶಾಸ್ತ್ರದಲ್ಲಿ ತರಬೇತಿ ಪಡೆದಿರುತ್ತಾರೆ. ಮುಂಬೈಯ ಬಿಎಆರ್‌ಸಿ (ಭಾಭಾ ಪರಮಾಣು ಸಂಶೋಧನಾ ಕೇಂದ್ರ) 1962ರಿಂದಲೂ ಇದಕ್ಕೆ ಡಿಪ್ಲೊಮಾ ನಡೆಸುತ್ತಿದೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಇಲ್ಲದೆ, ವಿಕಿರಣ ಸುರಕ್ಷಾ ಅಧಿಕಾರಿ ಇಲ್ಲದೆ ಯಾವ ಆಸ್ಪತ್ರೆಯೂ ರೇಡಿಯೇಷನ್ ಯಂತ್ರ ನಡೆಸುವಂತಿಲ್ಲ.

ಈಗ ನಿಮ್ಮ ಕೊನೆಯ ಪ್ರಶ್ನೆ, ಗಡ್ಡೆ ಬೆಳೆಯುವುದಿಲ್ಲವೇ? ತಿಂಗಳುಗಟ್ಟಲೆ ಕಾದರೆ ಖಂಡಿತ ತೊಂದರೆ. ಆದರೆ ತಯಾರಿಗೆ ಹೋಗುವ ಕೆಲವು ದಿನಗಳಿಂದ ಸಿಗುವ ಲಾಭ ಆ ತಡಕ್ಕಿಂತ ದೊಡ್ಡದು. ಕಾಯಲಾಗದ ಕೇಸುಗಳೂ ಇವೆ. ಗಡ್ಡೆ ಬೆನ್ನುಹುರಿಯನ್ನು ಒತ್ತಿ ಕಾಲಿನ ಬಲ ಹೋಗುತ್ತಿದ್ದರೆ ಸರಳ ಪ್ಲಾನ್ ಮಾಡಿ ಅದೇ ದಿನ ಅಥವಾ ಮರುದಿನ ಶುರು ಮಾಡುತ್ತೇವೆ. ಮೂಳೆನೋವಿನ ಚಿಕಿತ್ಸೆಯೂ ಬೇಗ ಸಿದ್ಧವಾಗುತ್ತದೆ. ಬೇಗ ಮಾಡಬಹುದಾದ್ದನ್ನು ಬೇಗ ಮಾಡುತ್ತೇವೆ, ಆದರೆ ಗಂಟಲಿನದು ಆ ಜಾತಿಯ ಕೆಲಸವಲ್ಲ.

ನನಗೆ ನಿಜವಾಗಿ ಚಿಂತೆಯಾಗುವುದು ಶುರುವಾದ ಮೇಲೆ ತಪ್ಪುವ ದಿನಗಳ ಬಗ್ಗೆ. ಶುರು ಮಾಡಿ ಎಂದು ದಿನಾ ಕೇಳಿದ ಮನೆಯವರೇ ನಾಲ್ಕನೇ ವಾರದಲ್ಲಿ ಊರ ಹಬ್ಬಕ್ಕೋ ರಾಗಿ ಕಟಾವಿಗೋ ಮೂರು ದಿನ ಬಿಟ್ಟುಬಿಡುತ್ತಾರೆ. ಬಾಯಿಹುಣ್ಣಿನ ನೋವು ಜಾಸ್ತಿಯಾಗುವ ಹೊತ್ತೂ ಅದೇ, ಮನಸ್ಸು ಸೋಲುವುದು ಸಹಜ. ಆದರೆ ತಲೆ, ಕುತ್ತಿಗೆಯ ಕ್ಯಾನ್ಸರ್‌ನಲ್ಲಿ ಉಳಿದ ಕೋಶಗಳು ಆ ಹೊತ್ತಿಗೇ ವೇಗವಾಗಿ ಮರುಹುಟ್ಟು ಪಡೆಯುತ್ತಿರುತ್ತವೆ. ಬಿಟ್ಟ ದಿನವನ್ನು ಕೊನೆಗೆ ಸೇರಿಸಿದರೆ ಡೋಸಿನ ಲೆಕ್ಕ ಸರಿಹೋಗುತ್ತದೆ, ಕಳೆದ ಕಾಲ ಸರಿಹೋಗುವುದಿಲ್ಲ. ಗರ್ಭಕಂಠದ ಕ್ಯಾನ್ಸರ್‌ನಲ್ಲೂ ಇಡೀ ಚಿಕಿತ್ಸೆ 8 ವಾರದೊಳಗೆ ಮುಗಿಯಬೇಕು ಎನ್ನುವುದು ಇದೇ ಕಾರಣಕ್ಕೆ. ಯಂತ್ರ ಕೆಟ್ಟು ನಮ್ಮಿಂದ ದಿನ ತಪ್ಪಿದರೂ ನಾವು ಸುಮ್ಮನಿರುವಂತಿಲ್ಲ. ಶನಿವಾರ ಕರೆಯಬೇಕು, ಅಥವಾ ಕನಿಷ್ಠ 6 ಗಂಟೆ ಅಂತರ ಕೊಟ್ಟು ದಿನಕ್ಕೆ ಎರಡು ಸಲ ಕೊಡಬೇಕು. ನೀವೂ ಇದನ್ನು ಡಾಕ್ಟರ ಹತ್ತಿರ ಕೇಳಿ.

ಈ ಕಾಯುವ ದಿನಗಳಲ್ಲಿ ಮನೆಯಲ್ಲಿ ಮಾಡಬೇಕಾದ ಕೆಲಸವೂ ಇದೆ. ಮಾಸ್ಕ್ ಮಾಡಿದ ದಿನ ತಂದೆಯ ಮುಖ ಹೇಗಿತ್ತೋ ಹಾಗೇ ಇರಬೇಕು. ಗಡ್ಡ ಬೋಳಿಸಿದ್ದರೆ ಮತ್ತೆ ಬಿಡಬೇಡಿ. ತೂಕ ಇಳಿಯದಂತೆ ನೋಡಿಕೊಳ್ಳಿ: ಮೊಟ್ಟೆ, ಹಾಲು, ಬೇಳೆ, ತುಪ್ಪ ಹಾಕಿದ ಮೆತ್ತನೆಯ ಅನ್ನ, ಇಳಿಯುವುದನ್ನೆಲ್ಲ ಕೊಡಿ. ಆಹಾರ ಕೊಡಲು ಮೂಗಿನ ಟ್ಯೂಬ್ ಹಾಕಿಸಿ ಎಂದರೆ ಹೆದರಿ ತಳ್ಳಿಹಾಕಬೇಡಿ. ಬೀಡಿ, ತಂಬಾಕು ಇಂದೇ ನಿಲ್ಲಬೇಕು. ಕುತ್ತಿಗೆಯ ಗಂಟು ಕಣ್ಣಿಗೆ ಕಾಣುವಷ್ಟು ದೊಡ್ಡದಾದರೆ ಅಥವಾ ಉಸಿರಾಟಕ್ಕೆ ತೊಂದರೆಯಾದರೆ ಕರೆ ಬರಲಿ ಎಂದು ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಮಾಡಿಸುತ್ತಿದ್ದರೆ ಕಾಗದಪತ್ರ, ಮಂಜೂರಾತಿ ಎಲ್ಲಿಗೆ ಬಂತೆಂದು ಈಗಲೇ ವಿಚಾರಿಸಿ. ಪ್ಲಾನ್ ಸಿದ್ಧವಾದ ದಿನ ಕಾಗದಕ್ಕಾಗಿ ಕಾಯುವಂತಾಗಬಾರದು.

ಇನ್ನು ತಡದ ಬಗ್ಗೆ ಕೇಳುವ ರೀತಿ. ‘ಯಾವಾಗ ಶುರು?’ ಎಂದು ಕೇಳಿದರೆ ‘ಫೋನ್ ಮಾಡ್ತೀವಿ’ ಎಂಬ ಉತ್ತರವೇ ಸಿಗುತ್ತದೆ. ಬದಲಿಗೆ ‘ಡಾಕ್ಟರ್ ಗೆರೆ ಎಳೆದಾಯ್ತಾ? ಪ್ಲಾನ್‌ಗೆ ಸಹಿ ಆಯ್ತಾ? ಯಂತ್ರದ ಮೇಲೆ ಪರೀಕ್ಷೆ ಆಯ್ತಾ, ಇಲ್ಲಾ ಯಂತ್ರ ಖಾಲಿಯಾಗಲಿ ಅಂತ ಕಾಯ್ತಿದೀವಾ?’ ಎಂದು ಕೇಳಿ. ಮೊದಲ ಮೂರರಲ್ಲಿ ಯಾವುದೋ ಒಂದು ನಡೆಯುತ್ತಿದ್ದರೆ ಇನ್ನೆರಡು ದಿನ ತಾಳಿ. ಎಲ್ಲ ಮುಗಿದು ಬರೀ ಸರದಿಗೆ ಕಾಯುತ್ತಿದ್ದು, ಅದು ವಾರಗಳಾಗುವಂತಿದ್ದರೆ ಬೇರೆ ಯಂತ್ರ ಅಥವಾ ಬೇರೆ ಕೇಂದ್ರಕ್ಕೆ ಕಳಿಸಲು ಸಾಧ್ಯವೇ ಎಂದು ಡಾಕ್ಟರ ಜೊತೆ ಮಾತಾಡಿ. ಬೇರೆ ಕಡೆ ಹೋದರೆ ಅಲ್ಲಿ ಮಾಸ್ಕ್, ಸ್ಕ್ಯಾನ್, ಪ್ಲಾನ್ ಎಲ್ಲ ಸಾಮಾನ್ಯವಾಗಿ ಮೊದಲಿನಿಂದ ಆಗಬೇಕು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಚಿಕಿತ್ಸೆಯ ನಡುವೆ ಗಂಟು ಕರಗಿ ಮಾಸ್ಕ್ ಸಡಿಲವಾದರೆ ಇನ್ನೊಂದು ಸ್ಕ್ಯಾನ್ ತೆಗೆದು ಪ್ಲಾನ್ ಬದಲಿಸುತ್ತಾರೆ. ಮೊದಲಿನದು ತಪ್ಪಾಗಿತ್ತು ಅಂತಲ್ಲ, ದೇಹ ಬದಲಾದ್ದರಿಂದ ಹಾಗೆ ಮಾಡಲೇಬೇಕಾಗುತ್ತದೆ. ಇದರಲ್ಲಿ ಯಾವುದಾದರೂ ಅರ್ಥವಾಗದಿದ್ದರೆ ಫಿಸಿಸಿಸ್ಟ್ ಜೊತೆ ಐದು ನಿಮಿಷ ಮಾತಾಡಬೇಕು ಎಂದು ಟೆಕ್ನಾಲಜಿಸ್ಟ್ ಹತ್ತಿರ ಹೇಳಿ. ನಾವು ಕೂರುವ ಪ್ಲಾನಿಂಗ್ ರೂಮ್ ಬಹುತೇಕ ಆಸ್ಪತ್ರೆಗಳಲ್ಲಿ ಯಂತ್ರದ ಹತ್ತಿರವೇ ಇರುತ್ತದೆ.