ಮಾಲ್ಡೀವ್ಸ್‌ಗೆ ಹೊರಡುವ ಮುನ್ನ ಆಸ್ಪತ್ರೆಯ ದೂರ ತಿಳಿದುಕೊಳ್ಳಿ

ಬೆಂಗಳೂರಿನಿಂದ ಮಾಲ್ಡೀವ್ಸಿನ ರಾಜಧಾನಿ ಮಾಲೆಗೆ ನೇರ ವಿಮಾನದಲ್ಲಿ ಸುಮಾರು ಎರಡು ಗಂಟೆಯ ಹಾದಿ. ದಾವಣಗೆರೆಯಿಂದ ಬೆಂಗಳೂರಿನ ವಿಮಾನ ನಿಲ್ದಾಣ ಮುಟ್ಟುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತದೆ. ಹಾಗಾಗಿ ಮಾಲ್ಡೀವ್ಸ್ ಎಂದರೆ ಗೋಕರ್ಣ, ಮುರ್ಡೇಶ್ವರಗಳಂತೆಯೇ ಹೋಗಿಬರಬಹುದಾದ ಸಮುದ್ರತೀರ ಎಂಬ ಭಾವನೆ ನಮ್ಮ ಊರಿನವರಲ್ಲಿ ಬಲವಾಗುತ್ತಿದೆ. ಹೊಸದಾಗಿ ಮದುವೆಯಾದವರು, ವಯಸ್ಸಾದ ತಂದೆತಾಯಿಯನ್ನು ಕರೆದುಕೊಂಡು ಹೋಗುವ ಮಕ್ಕಳು, ಅಲ್ಲಿನ ಶಾಲೆ ಮತ್ತು ಆಸ್ಪತ್ರೆಗಳಲ್ಲಿ ಕೆಲಸಕ್ಕೆ ಸೇರುವ ಶಿಕ್ಷಕರು, ನರ್ಸ್‌ಗಳು ಹೊರಡುವ ಮೊದಲು ವೈದ್ಯಕೀಯ ಸಲಹೆ ಕೇಳಲು ನನ್ನ ಬಳಿ ಬರುತ್ತಾರೆ. ಅವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಅಲ್ಲಿ ಯಾವ ರೋಗವಿದೆ, ಯಾವ ಇಂಜೆಕ್ಷನ್ ಹಾಕಿಸಿಕೊಳ್ಳಬೇಕು ಎಂದು. ನಾನು ಅವರನ್ನು ಮೊದಲು ಕೇಳುವ ಪ್ರಶ್ನೆ ಬೇರೆ: ನೀವು ಉಳಿದುಕೊಳ್ಳುವ ದ್ವೀಪದಿಂದ ದೊಡ್ಡ ಆಸ್ಪತ್ರೆ ಎಷ್ಟು ದೂರ, ರಾತ್ರಿ ಹೊತ್ತಿನಲ್ಲಿ ಅಲ್ಲಿಗೆ ಯಾವುದರಲ್ಲಿ ಹೋಗುತ್ತೀರಿ?

ಈ ಪ್ರಶ್ನೆಗೆ ಕಾರಣವಿದೆ. ಮಾಲ್ಡೀವ್ಸ್ ಸುಮಾರು 1,200 ಹವಳದ ದ್ವೀಪಗಳ ದೇಶ. ಉತ್ತರದಿಂದ ದಕ್ಷಿಣಕ್ಕೆ 800 ಕಿಲೋಮೀಟರಿಗೂ ಹೆಚ್ಚು ಉದ್ದ ಚಾಚಿಕೊಂಡಿದೆ. ದೊಡ್ಡ ಆಸ್ಪತ್ರೆಗಳು ಮಾಲೆ ಮತ್ತು ಅದಕ್ಕೆ ಸೇತುವೆಯಿಂದ ಸೇರಿಕೊಂಡಿರುವ ಹುಲ್ಹುಮಾಲೆಯಲ್ಲಿವೆ. ಭಾರತದ ನೆರವಿನಿಂದ ಕಟ್ಟಿ 1995ರಲ್ಲಿ ಆರಂಭಿಸಿದ ಇಂದಿರಾ ಗಾಂಧಿ ಸ್ಮಾರಕ ಆಸ್ಪತ್ರೆ ಅವುಗಳಲ್ಲಿ ಮುಖ್ಯವಾದದ್ದು. ಹೊರಗಿನ ದ್ವೀಪಗಳಲ್ಲಿ ಪ್ರಾದೇಶಿಕ ಆಸ್ಪತ್ರೆಗಳೂ ಸಣ್ಣ ಆರೋಗ್ಯ ಕೇಂದ್ರಗಳೂ ಇವೆ. ರೆಸಾರ್ಟ್‌ಗಳಲ್ಲಿ ಕೆಲವೆಡೆ ವೈದ್ಯರಿರುತ್ತಾರೆ, ಕೆಲವೆಡೆ ನರ್ಸ್ ಮಾತ್ರ. ದೂರದ ರೆಸಾರ್ಟ್‌ಗಳಿಗೆ ಪ್ರವಾಸಿಗರನ್ನು ಕೊಂಡೊಯ್ಯುವ, ನೀರಿನ ಮೇಲೆಯೇ ಇಳಿಯುವ ಸೀಪ್ಲೇನ್‌ಗಳು ಹಗಲು ಬೆಳಕಿನಲ್ಲಿ ಮಾತ್ರ ಹಾರುತ್ತವೆ. ಸಂಜೆ ಏಳಕ್ಕೆ ಎದೆನೋವು ಕಾಣಿಸಿಕೊಂಡರೆ ಉಳಿಯುವ ದಾರಿ ಸ್ಪೀಡ್‌ಬೋಟ್. ಅದೂ ಸಮುದ್ರ ಒಪ್ಪಿದರೆ. ಜಗಳೂರು ತಾಲ್ಲೂಕಿನ ಹಳ್ಳಿಯಲ್ಲಿ ನಡುರಾತ್ರಿ ಇದೇ ನೋವು ಬಂದರೆ 108ಕ್ಕೆ ಕರೆ ಮಾಡಿ ಚಿಗಟೇರಿ ಆಸ್ಪತ್ರೆಗೋ ಬಾಪೂಜಿ ಆಸ್ಪತ್ರೆಗೋ ರಸ್ತೆಯ ಮೇಲೆಯೇ ಬಂದು ಸೇರಬಹುದು. ಆ ರಸ್ತೆ ಅಲ್ಲಿಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಸಿದ್ಧತೆ ಮಾಡಬೇಕು.

ಆದ್ದರಿಂದ ಇತ್ತೀಚೆಗೆ ಹೃದಯಾಘಾತವಾದವರು, ಸ್ಟೆಂಟ್ ಹಾಕಿಸಿಕೊಂಡು ಇನ್ನೂ ಚೇತರಿಸಿಕೊಳ್ಳುತ್ತಿರುವವರು, ದಿನ ತುಂಬುತ್ತಿರುವ ಗರ್ಭಿಣಿಯರು ಈ ಪ್ರವಾಸವನ್ನು ಮುಂದೂಡುವುದೇ ಸರಿ ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ಕಾಯಿಲೆ ಹತೋಟಿಯಲ್ಲಿರುವ ಹಿರಿಯರು ಹೋಗಬಹುದು. ಆದರೆ ಮಾಲೆಗೆ ದೋಣಿಯಲ್ಲಿ ಬೇಗ ತಲುಪಬಹುದಾದ ದ್ವೀಪವನ್ನು ಆರಿಸಿಕೊಳ್ಳಲಿ. ಮೂಳೆ ಸವೆದವರಿಗೆ ಇನ್ನೊಂದು ಎಚ್ಚರಿಕೆಯಿದೆ. ಅಲೆಯ ಮೇಲೆ ಎದ್ದು ಬೀಳುವ ಸ್ಪೀಡ್‌ಬೋಟಿನ ಮುಂಭಾಗದಲ್ಲಿ ಕುಳಿತು ಬೆನ್ನುಮೂಳೆ ಮುರಿದುಕೊಳ್ಳುವ ಸಂಭವವುಂಟು. ಹಿಂದಿನ ಸೀಟುಗಳಲ್ಲಿ ಏಟು ಕಡಿಮೆ.

ಇಂಜೆಕ್ಷನ್ನುಗಳ ವಿಚಾರ ಜನ ಎಣಿಸಿದಷ್ಟು ದೊಡ್ಡದಲ್ಲ. "ಅಲ್ಲಿ ಮಲೇರಿಯಾ ಜಾಸ್ತಿ ಅಂತಾರಲ್ರೀ ಡಾಕ್ಟ್ರೇ, ಗುಳಿಗೆ ಬರ್‍ಕೊಡ್ರಿ" ಎಂದು ಕೇಳುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿಯೇ ಮಾಲ್ಡೀವ್ಸನ್ನು ಮಲೇರಿಯಾಮುಕ್ತ ದೇಶವೆಂದು ಘೋಷಿಸಿದೆ. ಆ ಗುಳಿಗೆ ಬೇಡ. ಅದರ ಬದಲು, ಹೊರಡುವ ದಿನಗಳಲ್ಲಿ ನಿಮಗೇ ಚಳಿಜ್ವರವಿದ್ದರೆ ರಕ್ತಪರೀಕ್ಷೆ ಮಾಡಿಸಿಕೊಂಡು ಹೋಗುವುದು ಆ ದೇಶಕ್ಕೆ ನಾವು ಸಲ್ಲಿಸಬೇಕಾದ ಮರ್ಯಾದೆ. ಭಾರತದಿಂದ ನೇರವಾಗಿ ಹೋಗುವವರಿಗೆ ಹಳದಿ ಜ್ವರದ ಪ್ರಮಾಣಪತ್ರವೂ ಬೇಕಾಗಿಲ್ಲ. ಟೆಟನಸ್ ಲಸಿಕೆಯ ಅವಧಿ ಮುಗಿದಿದ್ದರೆ ಹಾಕಿಸಿಕೊಳ್ಳಿ, ಟೈಫಾಯ್ಡ್ ಲಸಿಕೆಯನ್ನು ಎರಡು ವಾರ ಮೊದಲೇ ಪಡೆಯಿರಿ, ಮಕ್ಕಳ ದಡಾರದ ಎರಡು ಡೋಸ್ ಪೂರ್ತಿಯಾಗಿದೆಯೇ ನೋಡಿಕೊಳ್ಳಿ. ಕೊಳಕು ನೀರಿನಿಂದ ಹರಡುವ ಕಾಮಾಲೆಯಾದ ಹೆಪಟೈಟಿಸ್ ಎ ವಿಷಯದಲ್ಲಿ ಹಿರಿಯರಿಗೂ ಕಿರಿಯರಿಗೂ ವ್ಯತ್ಯಾಸವಿದೆ: ನಮ್ಮ ತಲೆಮಾರಿನ ಬಹುಪಾಲು ಜನರಿಗೆ ಬಾಲ್ಯದಲ್ಲಿಯೇ ಆ ಸೋಂಕು ತಗುಲಿ ರೋಗನಿರೋಧಕ ಶಕ್ತಿ ಬಂದಿರುತ್ತದೆ. ಫಿಲ್ಟರ್ ನೀರು ಕುಡಿದು ಬೆಳೆದ ಇಂದಿನ ಯುವಕರಲ್ಲಿ ಅನೇಕರಿಗೆ ಅದಿರುವುದಿಲ್ಲವಾದ್ದರಿಂದ ಲಸಿಕೆ ಬೇಕಾಗಿರುವುದು ಅವರಿಗೆ.

ನಾನು ಹೆಚ್ಚು ಹೊತ್ತು ಕಳೆಯುವುದು ಔಷಧಿ ಚೀಲದ ಮೇಲೆ. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಮಗನ ಜೊತೆ ಹೊರಟಾಗ ಅವರ ಹೆಂಡತಿ ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿ ಬಿಚ್ಚಿಟ್ಟರು. ಜಾಗ ಉಳಿಯಲೆಂದು ಹೆಚ್ಚಿನ ಗುಳಿಗೆಗಳನ್ನು ಪಟ್ಟಿಯಿಂದ (ಸ್ಟ್ರಿಪ್) ಬಿಡಿಸಿ ಹಾಕಿದ್ದರು. ಕತ್ತರಿಸಿ ಉಳಿಸಿದ್ದ ಪಟ್ಟಿಯ ಎರಡು ತುಂಡುಗಳ ಮೇಲೂ ಹೆಸರಾಗಲಿ ಅವಧಿ ಮುಗಿಯುವ ತಾರೀಖಾಗಲಿ ಇರಲಿಲ್ಲ. "ಬಿಳೀದು ಬಿ.ಪಿ.ದು, ಹಳದೀದು ಶುಗರ್‌ದು, ನಂಗೆ ಗೊತ್ತೈತಲ್ರೀ" ಎಂದರು. ಅವರಿಗೆ ಗೊತ್ತಿತ್ತು, ನಿಜ. ಆದರೆ ಅಲ್ಲಿ ಕಾಯಿಲೆ ಬೀಳುವವರು ಆ ತಾಯಿಯೇ ಆದರೆ ಹೇಳುವವರು ಯಾರು? ಗುಳಿಗೆಗಳು ಅಂಗಡಿಯಲ್ಲಿ ಕೊಟ್ಟ ಪಟ್ಟಿಯಲ್ಲಿಯೇ ಇರಲಿ. ವೈದ್ಯರ ಚೀಟಿಯಲ್ಲಿ ಪಾಸ್‌ಪೋರ್ಟಿನಲ್ಲಿರುವ ಹೆಸರು, ಕಾಯಿಲೆಗಳು, ಅಲರ್ಜಿ, ರಕ್ತದ ಗುಂಪು ಇರಲಿ. ನಮ್ಮಲ್ಲಿ ಮಾರುವ ಬ್ರ್ಯಾಂಡಿನ ಹೆಸರು ಅಲ್ಲಿನ ವೈದ್ಯರಿಗೆ ಪರಿಚಯವಿರಬೇಕೆಂದಿಲ್ಲ, ಆದ್ದರಿಂದ ಔಷಧಿಯ ಮೂಲ ಹೆಸರನ್ನೇ ಬರೆಸಿಕೊಳ್ಳಿ. ಹೃದಯದ ಕಾಯಿಲೆಯಿದ್ದವರು ಹಳೆಯ ಇ.ಸಿ.ಜಿ.ಯ ಚಿತ್ರವನ್ನು ಮೊಬೈಲಿನಲ್ಲಿಟ್ಟುಕೊಂಡರೆ ಅಲ್ಲಿನ ವೈದ್ಯರಿಗೆ ಹೋಲಿಸಿ ನೋಡಲು ಬಹಳ ಅನುಕೂಲ. ಪ್ರವಾಸದ ದಿನಗಳಿಗೆ ಬೇಕಾದುದರ ಎರಡರಷ್ಟು ಔಷಧಿ ಒಯ್ಯಿರಿ, ಮತ್ತು ಅದನ್ನು ಎರಡು ಬೇರೆ ಬೇರೆ ಕೈಚೀಲಗಳಲ್ಲಿ ಹಂಚಿಡಿ.

ಮಾಲ್ಡೀವ್ಸಿನ ಮಾದಕವಸ್ತು ಕಾನೂನು ಕಟ್ಟುನಿಟ್ಟಾದದ್ದು. ಟ್ರಮಡಾಲ್ ಇರುವ ನೋವಿನ ಗುಳಿಗೆ, ಕೊಡೀನ್ ಸೇರಿದ ಕೆಮ್ಮಿನ ಸಿರಪ್, ನಿದ್ದೆಗೆಂದು ತೆಗೆದುಕೊಳ್ಳುವ ಆಲ್ಪ್ರಜೋಲಾಮ್, ಕ್ಲೊನಾಜೆಪಾಮ್ ಇವನ್ನು ಚೀಟಿಯಿಲ್ಲದೆ ಒಯ್ಯಲೇಬೇಡಿ. ಅನಿವಾರ್ಯವಾದರೆ ಅಲ್ಲಿನ ಔಷಧ ಪ್ರಾಧಿಕಾರದ ಪೂರ್ವಾನುಮತಿಯ ನಿಯಮವನ್ನು ಹೊರಡುವ ಮುಂಚೆಯೇ ವಿಚಾರಿಸಿಕೊಳ್ಳಿ. ನೆರೆಮನೆಯವರು ಕೊಟ್ಟ ಗುಳಿಗೆಯನ್ನು ಚೀಲಕ್ಕೆ ಸೇರಿಸಿಕೊಳ್ಳುವ ಅಭ್ಯಾಸ ಇಲ್ಲಿ ಅಪಾಯ ತರುತ್ತದೆ.

ಇನ್ಸುಲಿನ್ ಹಾಕಿಕೊಳ್ಳುವವರಿಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಫ್ರಿಜ್ ಇಲ್ಲದ ಮನೆಗಳಲ್ಲಿ ನೀರು ಚಿಮುಕಿಸಿದ ಮಣ್ಣಿನ ಮಡಕೆಯೊಳಗೆ ಇನ್ಸುಲಿನ್ ಇಡಲು ಹೇಳುತ್ತೇವೆ, ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಏಕೆಂದರೆ ಒಣಗಾಳಿಗೆ ನೀರು ಆವಿಯಾಗಿ ಮಡಕೆ ತಂಪಾಗುತ್ತದೆ. ಆದರೆ ದ್ವೀಪದ ಗಾಳಿಯಲ್ಲಿ ವರ್ಷವಿಡೀ ತೇವಾಂಶ ತುಂಬಿರುವುದರಿಂದ ನೀರು ಸುಲಭವಾಗಿ ಆರುವುದಿಲ್ಲ, ಹೀಗಾಗಿ ಮಡಕೆಯಾಗಲಿ ಒದ್ದೆ ಬಟ್ಟೆಯಾಗಲಿ ಅಲ್ಲಿ ನಂಬಿಕೆಗೆ ಅರ್ಹವಲ್ಲ. ಕೋಣೆಯ ಫ್ರಿಜ್ಜಿನ ಬಾಗಿಲಿನ ಕಪಾಟಿನಲ್ಲಿಡಿ, ಹಿಂಬದಿಯ ತಣ್ಣನೆಯ ಗೋಡೆಗೆ ತಾಗಿಸಬೇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು. ಇದೇ ಕಾರಣಕ್ಕೆ ವಿಮಾನದಲ್ಲಿಯೂ ಅದು ಕೈಚೀಲದಲ್ಲಿಯೇ ಇರಬೇಕು. ಅಲ್ಲಿನ ಗಡಿಯಾರ ನಮಗಿಂತ ಅರ್ಧ ಗಂಟೆ ಮಾತ್ರ ಹಿಂದೆ ಇರುವುದರಿಂದ ಡೋಸಿನ ಹೊತ್ತು ಬದಲಿಸುವ ತೊಂದರೆಯಿಲ್ಲ. ವಾಂತಿಭೇದಿಯಾದ ದಿನ ಶುಗರ್ ಗುಳಿಗೆಗಳಾದ ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್ ಮತ್ತು ಮೂತ್ರ ಹೆಚ್ಚಿಸುವ ಗುಳಿಗೆಗಳಲ್ಲಿ ಯಾವುದನ್ನು ನಿಲ್ಲಿಸಬೇಕು ಎಂಬುದನ್ನು ಮಾತ್ರ ನಿಮ್ಮ ವೈದ್ಯರಿಂದ ಮುಂಚಿತವಾಗಿ ಬರೆಸಿಕೊಳ್ಳಿ. ಓ.ಆರ್.ಎಸ್. ಪೊಟ್ಟಣಗಳು ಚೀಲದಲ್ಲಿರಲಿ, ಒಂದು ಪೊಟ್ಟಣ ಒಂದು ಲೀಟರಿಗೋ 200 ಮಿಲಿಲೀಟರಿಗೋ ಎಂಬುದನ್ನು ಓದಿಯೇ ಕಲಸಿ.

ಸಮುದ್ರದ ವಿಷಯಕ್ಕೆ ಬಂದಾಗ ನನ್ನ ಧ್ವನಿ ಸ್ವಲ್ಪ ಗಡುಸಾಗುತ್ತದೆ. ನಮ್ಮವರಲ್ಲಿ ಈಜು ಬಲ್ಲವರು ಕಲಿತಿರುವುದು ತೋಟದ ಬಾವಿಯಲ್ಲಿ, ಸೂಳೆಕೆರೆಯಲ್ಲಿ, ಹರಿಹರದ ಹೊಳೆಯಲ್ಲಿ. ಆ ಧೈರ್ಯವನ್ನು ನಂಬಿಕೊಂಡು, ಬಾಯಲ್ಲಿ ಕೊಳವೆಯಿಟ್ಟು ಉಸಿರಾಡುತ್ತ ತೇಲುವ ಸ್ನಾರ್ಕ್ಲಿಂಗ್‌ಗೆ ಇಳಿಯುವುದು ತಪ್ಪು. ಹವಳದ ದಿಬ್ಬದ ಅಂಚಿನಾಚೆ ಸಮುದ್ರ ಒಮ್ಮೆಲೇ ಆಳವಾಗುತ್ತದೆ, ಅಲ್ಲಿನ ಸೆಳೆತ ಮೇಲೆ ಕಾಣುವುದಿಲ್ಲ. ಮುಖ ನೀರಿನೊಳಗಿಟ್ಟು ಅಲುಗಾಡದೆ ತೇಲುವುದೇ ಈ ಆಟದ ರೀತಿಯಾದ್ದರಿಂದ ಒಬ್ಬರಿಗೆ ಪ್ರಜ್ಞೆ ತಪ್ಪಿದರೂ ಪಕ್ಕದವರಿಗೆ ತಿಳಿಯುವುದಿಲ್ಲ. ರಕ್ತದೊತ್ತಡ, ಹೃದಯದ ತೊಂದರೆ ಇರುವ ಐವತ್ತು ದಾಟಿದವರಲ್ಲಿ ನೀರಿನ ಒತ್ತಡ ಮತ್ತು ಆಯಾಸದಿಂದ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದೂ ಉಂಟು. ಲೈಫ್ ಜಾಕೆಟ್ ಹಾಕಿ, ಜೊತೆಗಾರರೊಡನೆ, ಕಾಲು ನೆಲಕ್ಕೆ ಎಟುಕುವ ಕಡೆ ಮಾತ್ರ ಇಳಿಯಿರಿ. ಉಸಿರು ಕಟ್ಟಿದಂತಾದರೆ ತಕ್ಷಣ ಹೊರಬನ್ನಿ. ಗಾಳಿಯ ಸಿಲಿಂಡರ್ ಹೊತ್ತು ಮುಳುಗುವ ಸ್ಕೂಬಾ ಡೈವಿಂಗ್ ಮಾಡುವವರು ಆರೋಗ್ಯದ ಪ್ರಶ್ನಾವಳಿಗೆ ಪ್ರಾಮಾಣಿಕವಾಗಿ ಉತ್ತರಿಸಬೇಕು, ಆಸ್ತಮಾ ಇದ್ದರೆ ಮುಚ್ಚಿಡಬಾರದು. ಒಂದೇ ಸಲ ಮುಳುಗಿದವರು ವಿಮಾನ ಹತ್ತುವ ಮುಂಚೆ ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದವರು 18 ಗಂಟೆ ಬಿಡಬೇಕು. ಕೊನೆಯ ದಿನವನ್ನು ನೆಲದ ಮೇಲೆಯೇ ಕಳೆಯುವಂತೆ ಯೋಜಿಸಿಕೊಂಡರೆ ಈ ಲೆಕ್ಕವೇ ಬೇಡ.

ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕಳೆದುಕೊಂಡವರು ಬರಿಗಾಲಿನಲ್ಲಾಗಲಿ ಹವಾಯಿ ಚಪ್ಪಲಿಯಲ್ಲಾಗಲಿ ನೀರಿಗೆ ಇಳಿಯಕೂಡದು. ಹವಳ ತರಚಿದ್ದು ಅವರಿಗೆ ಗೊತ್ತಾಗುವುದು ಕೀವು ತುಂಬಿದ ಮೇಲೆಯೇ. ಬೆರಳು ಮುಚ್ಚುವ ನೀರಿನ ಶೂ ಕೊಂಡುಕೊಳ್ಳಿ, ಪ್ರತಿ ರಾತ್ರಿ ಪಾದಗಳನ್ನು ದೀಪದ ಬೆಳಕಿನಲ್ಲಿ ನೋಡಿ. ಸ್ಟೋನ್‌ಫಿಶ್, ಲಯನ್‌ಫಿಶ್‌ನ ವಿಷದ ಮುಳ್ಳು ಚುಚ್ಚಿದರೆ ಆ ಭಾಗವನ್ನು 45 ಡಿಗ್ರಿ ಮೀರದ ಬಿಸಿನೀರಿನಲ್ಲಿ 30ರಿಂದ 90 ನಿಮಿಷ ಇಟ್ಟರೆ ನೋವು ಇಳಿಯುತ್ತದೆ. ನೀರಿನ ಬಿಸಿಯನ್ನು ಗಾಯವಾಗದ ಕೈಯಿಂದ ಮುಟ್ಟಿ ನೋಡಬೇಕು, ಇಲ್ಲವಾದರೆ ಮರಗಟ್ಟಿದ ಕಾಲು ಸುಟ್ಟೇಹೋದೀತು. ಆಮೇಲೆ ವೈದ್ಯರಿಗೆ ತೋರಿಸಲೇಬೇಕು.

ಊಟದಲ್ಲಿ ಮೀನಿನ ಅಲರ್ಜಿ ಇರುವವರೂ ಸಸ್ಯಾಹಾರಿಗಳೂ ಕೇಳಿಯೇ ತಿನ್ನಲಿ. ನೋಡಲು ನಮ್ಮ ಸಮೋಸದಂತಿರುವ ತಿಂಡಿಯಲ್ಲಿಯೂ ಅಲ್ಲಿ ಟ್ಯೂನಾ ಮೀನು ತುಂಬಿರುತ್ತಾರೆ.

ನಮ್ಮ ಸರ್ಕಾರಿ ಆರೋಗ್ಯ ಕಾರ್ಡು ಅಲ್ಲಿ ನಡೆಯುವುದಿಲ್ಲ, ಮಾಲ್ಡೀವ್ಸಿನ ಸರ್ಕಾರಿ ಆರೋಗ್ಯ ವಿಮೆಯಾದ ಆಸಂಧ ಅಲ್ಲಿನ ನಾಗರಿಕರಿಗೆ ಮೀಸಲು. ಪ್ರಯಾಣ ವಿಮೆ ಕೊಳ್ಳುವಾಗ ಬಿ.ಪಿ., ಶುಗರ್ ಇರುವುದನ್ನು ನಮೂದಿಸಿ; ದ್ವೀಪದಿಂದ ಆಸ್ಪತ್ರೆಗೆ ಸಾಗಿಸುವ ವೆಚ್ಚವೂ ನೀರಿನ ಆಟಗಳ ಅಪಘಾತವೂ ಅದರಲ್ಲಿ ಸೇರಿದೆಯೇ ಎಂದು ಕೇಳಿ. ಕಾಯಿಲೆ ಮುಚ್ಚಿಟ್ಟು ಕೊಂಡ ಪಾಲಿಸಿ ಬೇಕಾದ ದಿನ ಕೈಕೊಡುತ್ತದೆ.

ಇನ್ನು ಡೆಂಗಿ. ಮಲೇರಿಯಾ ಹೋದರೂ ಹಗಲು ಕಚ್ಚುವ ಈಡಿಸ್ ಸೊಳ್ಳೆ ಅಲ್ಲಿ ಇದೆ, ಡೆಂಗಿ ವರ್ಷವಿಡೀ ಕಾಣಿಸಿಕೊಳ್ಳುತ್ತದೆ. ದಾವಣಗೆರೆಯಲ್ಲಿ ಒಮ್ಮೆ ಡೆಂಗಿ ಬಂದು ಹೋದವರಿಗೆ ಬೇರೆ ಬಗೆಯ ಡೆಂಗಿ ವೈರಸ್ ತಗುಲಿದರೆ ಎರಡನೆಯ ಸಲ ತೀವ್ರವಾಗುವ ಸಂಭವ ಹೆಚ್ಚು. ಮೊದಲು ಸನ್‌ಸ್ಕ್ರೀನ್, ಅದು ಆರಿದ ಮೇಲೆ ಸೊಳ್ಳೆ ಕ್ರೀಮು ಹಚ್ಚಿಕೊಳ್ಳಿ. ಸೊಳ್ಳೆಯಿಂದ ಹರಡಿ ಗರ್ಭದ ಮಗುವಿಗೆ ಹಾನಿ ಮಾಡಬಲ್ಲ ಝೀಕಾ ಸೋಂಕೂ ಆ ದೇಶದಲ್ಲಿ ಹಿಂದೆ ವರದಿಯಾಗಿರುವುದರಿಂದ ಗರ್ಭಿಣಿಯರೂ ಮಗುವಿಗಾಗಿ ಪ್ರಯತ್ನಿಸುತ್ತಿರುವ ದಂಪತಿಗಳೂ ಸ್ತ್ರೀರೋಗ ತಜ್ಞರ ಜೊತೆ ಮೊದಲೇ ಮಾತಾಡಬೇಕು. ಅಲ್ಲಿ ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ ಸಾಕು. ನೋವಿನ ಗುಳಿಗೆಗಳಾದ ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳನ್ನು ಡೆಂಗಿ ಅಲ್ಲವೆಂದು ಖಚಿತವಾಗುವ ತನಕ ಮುಟ್ಟಬೇಡಿ. ಊರಿಗೆ ಮರಳಿದ ಎರಡು ವಾರದೊಳಗೆ ಜ್ವರ ಕಾಣಿಸಿಕೊಂಡರೆ ಮೆಡಿಕಲ್ ಶಾಪಿನಲ್ಲಿ ಗುಳಿಗೆ ಕೇಳಿ ನುಂಗದೆ ವೈದ್ಯರ ಬಳಿ ಹೋಗಿ, ಎಲ್ಲಿಗೆ ಹೋಗಿದ್ದಿರಿ, ಯಾವ ದಿನ ಮರಳಿದಿರಿ ಎಂಬುದನ್ನು ಅವರು ಕೇಳದಿದ್ದರೂ ನೀವಾಗಿಯೇ ಹೇಳಿ.