ಸಾಲ ತೀರಿಸುವ ಒಪ್ಪಂದದಲ್ಲಿದ್ದೇನೆ, ಬಾಡಿಗೆ ಮನೆ ಸಿಗುತ್ತಾ?

ಪ್ರಶ್ನೆ: ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದೇನೆ. ಕ್ರೆಡಿಟ್ ಕಾರ್ಡ್ ಸಾಲ ಕೈಮೀರಿ ಹೋಗಿ ಎರಡು ವರ್ಷದ ಹಿಂದೆ ಐವಿಎ (ಸಾಲ ಕೊಟ್ಟವರ ಜೊತೆ ಕಂತಿನಲ್ಲಿ ತೀರಿಸುವ ಕಾನೂನುಬದ್ಧ ಒಪ್ಪಂದ) ಮಾಡಿಕೊಂಡೆ. ಕಂತು ತಪ್ಪದೆ ಕಟ್ಟುತ್ತಿದ್ದೇನೆ. ಈಗ ಮನೆ ಬದಲಿಸಬೇಕು. ಏಜೆಂಟ್ ಹತ್ತಿರ ಇದನ್ನು ಹೇಳಲೇಬೇಕಾ? ಸುಮ್ನೆ ಇದ್ದುಬಿಟ್ಟರೆ ಆಗಲ್ವಾ?

ಹೇಳಿಬಿಡಿ. ಅದೂ ಫಾರ್ಮ್ ತುಂಬುವ ಮೊದಲೇ, ಒಂದು ಪೆನ್ನಿ ಕೊಡುವ ಮೊದಲೇ.

ಐವಿಎಯಲ್ಲಿ ಇರುವವರು ಬಾಡಿಗೆಗೆ ಮನೆ ಹಿಡಿಯಬಾರದು ಎಂದು ಯಾವ ಕಾನೂನೂ ಹೇಳುವುದಿಲ್ಲ. ಕೊಡುವುದು ಬಿಡುವುದು ಓನರ್ ಇಷ್ಟ, ಅಷ್ಟೇ. ಆದರೆ ಇದು ಮುಚ್ಚಿಡಲು ಆಗುವ ವಿಷಯ ಅಲ್ಲ. ನಿಮ್ಮ ಹೆಸರು ಸರ್ಕಾರದ ಇನ್ಸಾಲ್ವೆನ್ಸಿ ರಿಜಿಸ್ಟರ್‌ನಲ್ಲಿದೆ (ದಿವಾಳಿಯಾದವರ, ಇಂಥ ಒಪ್ಪಂದದಲ್ಲಿರುವವರ ಪಟ್ಟಿ), ಅದನ್ನು ಯಾರು ಬೇಕಾದರೂ ದುಡ್ಡು ಕೊಡದೆ ಹುಡುಕಬಹುದು, ಒಪ್ಪಂದ ಮುಗಿದು 3 ತಿಂಗಳಾದ ಮೇಲೆಯೇ ಅಲ್ಲಿಂದ ಹೋಗುವುದು. ಕ್ರೆಡಿಟ್ ರಿಪೋರ್ಟ್‌ನಲ್ಲಂತೂ ಐವಿಎ ಶುರುವಾದ ದಿನದಿಂದ 6 ವರ್ಷ ಇರುತ್ತದೆ.

ಈಗ ದುಡ್ಡಿನ ಲೆಕ್ಕ ನೋಡಿ. ಮನೆ ಹಿಡಿದಿಡಲು ಏಜೆಂಟ್ ಕೇಳುವ ಹೋಲ್ಡಿಂಗ್ ಡೆಪಾಸಿಟ್ ಒಂದು ವಾರದ ಬಾಡಿಗೆಗಿಂತ ಜಾಸ್ತಿ ಇರಬಾರದು, 2019ರ ಟೆನೆಂಟ್ ಫೀಸ್ ಕಾಯ್ದೆ ಹಾಗೆ ಹೇಳುತ್ತದೆ. ತಿಂಗಳಿಗೆ 1,000 ಪೌಂಡ್ ಬಾಡಿಗೆ ಅಂದರೆ ಸುಮಾರು 230 ಪೌಂಡ್. ಫಾರ್ಮ್‌ನಲ್ಲಿ 'ದಿವಾಳಿ, ಐವಿಎ, ಕೋರ್ಟ್ ತೀರ್ಪು ಏನಾದರೂ ಇದೆಯೇ' ಎಂಬ ಪ್ರಶ್ನೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅಲ್ಲಿ ಇಲ್ಲ ಎಂದು ಬರೆದು ಆಮೇಲೆ ಸಿಕ್ಕಿಬಿದ್ದರೆ, ತಪ್ಪು ಮಾಹಿತಿ ಕೊಟ್ಟಿರಿ ಎಂಬ ಕಾರಣಕ್ಕೆ ಆ ದುಡ್ಡನ್ನು ಅವರು ಇಟ್ಟುಕೊಳ್ಳಬಹುದು. ನಿಜ ಹೇಳಿ, ಬರೀ ಕ್ರೆಡಿಟ್ ಚೆಕ್ ಕಾರಣಕ್ಕೆ ಬೇಡ ಎಂದರೆ ವಾಪಸ್ ಕೊಡಬೇಕು. ಕಂತು ಕಟ್ಟಿ ಉಳಿದದ್ದರಲ್ಲಿ ತಿಂಗಳು ದೂಡುವವರಿಗೆ 230 ಪೌಂಡ್ ಸಣ್ಣ ಮೊತ್ತ ಅಲ್ಲ, ಅಲ್ವಾ?

ಹೇಳುವಾಗ ನಾಚಿಕೆ ಬೇಡ. ಇದನ್ನು ನಾನು ಮನಸ್ಸಿಟ್ಟು ಹೇಳುತ್ತಿದ್ದೇನೆ. ಸಾಲ ಬಿಟ್ಟು ಓಡಿಹೋಗದೆ ಪ್ರತಿ ತಿಂಗಳು ಕಟ್ಟುತ್ತಿರುವ ಮನುಷ್ಯ ನೀವು. 'ಐವಿಎ ಇದೆ, ಎರಡು ವರ್ಷದಿಂದ ಒಂದು ಕಂತೂ ತಪ್ಪಿಲ್ಲ, ಬಾಡಿಗೆಯೂ ತಪ್ಪಿಲ್ಲ' ಎಂದು ನೇರವಾಗಿ ಹೇಳಿ, ಜೊತೆಗೆ ಸಂಬಳದ ಚೀಟಿ, ಬಾಡಿಗೆ ಹೋಗಿರುವುದು ಕಾಣುವ ಬ್ಯಾಂಕ್ ಸ್ಟೇಟ್‌ಮೆಂಟ್, ಈಗಿನ ಓನರ್ ಕೈಯಿಂದ ಒಂದು ಪತ್ರ, ಕಂತು ಸರಿಯಾಗಿ ಬರುತ್ತಿದೆ ಎಂದು ನಿಮ್ಮ ಐವಿಎ ಸೂಪರ್‌ವೈಸರ್ (ಒಪ್ಪಂದ ನೋಡಿಕೊಳ್ಳುವವರು) ಕೊಟ್ಟ ಪತ್ರ, ಇಷ್ಟನ್ನು ಮೊದಲೇ ಮುಂದಿಡಿ. ಓನರ್‌ಗೆ ಇರುವ ಭಯ ಒಂದೇ, ಬಾಡಿಗೆ ಬರುತ್ತೋ ಇಲ್ಲವೋ ಎಂದು. ಅದಕ್ಕೆ ಉತ್ತರ ಈ ಕಾಗದಗಳಲ್ಲಿದೆ. ಸಾಮಾನ್ಯವಾಗಿ ಏಜೆಂಟರು ವರ್ಷದ ಸಂಬಳ ತಿಂಗಳ ಬಾಡಿಗೆಯ 30 ಪಟ್ಟು ಇದೆಯಾ ಎಂದೂ ನೋಡುತ್ತಾರೆ, ಅಂದರೆ 1,000 ಪೌಂಡ್ ಮನೆಗೆ 30,000 ಪೌಂಡ್ ಸಂಬಳ. ಏಜೆನ್ಸಿಗಿಂತ ನೇರವಾಗಿ ಓನರ್ ಜೊತೆ ಮಾತಾಡಿದರೆ ಕೆಲಸ ಸಲೀಸು ಎಂದು ನನ್ನ ಅನಿಸಿಕೆ. ಕಂಪ್ಯೂಟರ್ ಬೇಡ ಎಂದ ಕಡೆ ಮನುಷ್ಯ ಹೂಂ ಎನ್ನಬಹುದು.

'ಆರು ತಿಂಗಳ ಬಾಡಿಗೆ ಮುಂಗಡ ಕೊಟ್ಟುಬಿಡು' ಎಂದು ಗೆಳೆಯರು ಹೇಳಬಹುದು. ಆ ಕಾಲ ಹೋಯಿತು. 2025ರ ರೆಂಟರ್ಸ್ ರೈಟ್ಸ್ ಕಾಯ್ದೆಯಿಂದಾಗಿ, ಇಂಗ್ಲೆಂಡಿನಲ್ಲಿ 2026ರ ಮೇ 1ರಿಂದ ಹೊಸ ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಓನರ್ ಬಾಡಿಗೆ ತೆಗೆದುಕೊಳ್ಳುವಂತಿಲ್ಲ. ಸಹಿಯಾದ ಮೇಲೂ ಒಂದು ತಿಂಗಳದ್ದನ್ನು ಮಾತ್ರ ಮುಂಗಡ ಕೇಳಬಹುದು. ಮನೆ ಸೇರುವಾಗ ಭದ್ರತೆಗೆ ಕೊಡುವ ಡೆಪಾಸಿಟ್ ಜಾಸ್ತಿ ಕೊಡುತ್ತೇನೆ ಎನ್ನುವುದೂ ಆಗದು. ವರ್ಷದ ಬಾಡಿಗೆ 50,000 ಪೌಂಡ್‌ಗಿಂತ ಕಡಿಮೆ ಇದ್ದರೆ ಐದು ವಾರದ ಬಾಡಿಗೆಯೇ ಮಿತಿ. ಹಾಗಾಗಿ ಉಳಿದಿರುವ ದೊಡ್ಡ ದಾರಿ ಗ್ಯಾರಂಟರ್, ಅಂದರೆ ನಿಮ್ಮ ಬಾಡಿಗೆಗೆ ಜಾಮೀನು ನಿಲ್ಲುವವರು. ಆದರೆ ಅವರ ಸಂಬಳ, ಕ್ರೆಡಿಟ್ ಎರಡನ್ನೂ ನೋಡುತ್ತಾರೆ, ನೀವು ಕಟ್ಟದಿದ್ದರೆ ಅವರ ಮೇಲೆ ಬೀಳುತ್ತದೆ. ಇದನ್ನು ಅವರಿಗೆ ಬಿಡಿಸಿ ಹೇಳದೆ ಸಹಿ ಹಾಕಿಸಬೇಡಿ.

ಇನ್ನೊಂದು ಕಡೆಯೂ ಮಾತಾಡಬೇಕು, ಜನ ಮರೆಯುವುದು ಇದನ್ನೇ. ನಿಮ್ಮ ಕಂತು ನಿಗದಿಯಾಗಿದ್ದು ಹಳೆ ಬಾಡಿಗೆ ಲೆಕ್ಕದ ಮೇಲೆ. ಹೊಸ ಮನೆ ದುಬಾರಿ ಆದರೆ ಕರಾರಿಗೆ ಸಹಿ ಹಾಕುವ ಮೊದಲೇ ಸೂಪರ್‌ವೈಸರ್‌ಗೆ ಫೋನ್ ಮಾಡಿ. ಬಾಡಿಗೆ ಅಗತ್ಯದ ಖರ್ಚು, ಅದನ್ನು ಅವರು ಪರಿಗಣಿಸುತ್ತಾರೆ. ಆದರೆ ಕೇಳದೆ ಹೋಗಿ ಕಂತು ತಪ್ಪಿಸಿದರೆ ಐವಿಎ ಮುರಿದು ಬೀಳಬಹುದು, ಆಗ ಹಳೆ ಸಾಲವೆಲ್ಲ ಮತ್ತೆ ಬೆನ್ನು ಹತ್ತುತ್ತದೆ. ಡೆಪಾಸಿಟ್‌ಗೆಂದು ಹೊಸ ಸಾಲವನ್ನಂತೂ ಅವರನ್ನು ಕೇಳದೆ ಮಾಡಬೇಡಿ. ಹಳೆ ಮನೆಯ ಡೆಪಾಸಿಟ್ ವಾಪಸ್ ಬಂದಾಗ ಅದು ಹೊಸ ಮನೆಗೆ ಹೋಗುತ್ತಿದೆ ಎಂದು ಒಂದು ಇಮೇಲ್ ಹಾಕಿಡಿ.