ಟೋಪಾತ್: ಕುದುರೆಗೆಂದು ಹಾಕಿದ ದಾರಿ

ಇಂಗ್ಲೆಂಡಿಗೆ ಓದಲು ಹೋದ ಮಗಳು ಭಾನುವಾರ ಸಂಜೆ ಫೋನ್ ಮಾಡಿ, ‘ಟೋಪಾತ್ ಮೇಲೆ ಗ್ರಾವೆಲ್ ಬೈಕಿಂಗ್ ಹೋಗಿದ್ದೆ, ಪೂರ್ತಿ ಟ್ರಾಫಿಕ್-ಫ್ರೀ’ ಅಂದಳು ಎಂದುಕೊಳ್ಳಿ. ಮನೆಯವರಿಗೆ ಹೆಚ್ಚುಕಡಿಮೆ ಎಲ್ಲ ಪದವೂ ಪರಿಚಯದ್ದೇ, ಆದರೂ ಕಣ್ಮುಂದೆ ಬರುವ ಚಿತ್ರ ಬೇರೆ. ಬೈಕ್ ಅಂದರೆ ನಮಗೆ ಪೆಟ್ರೋಲ್ ಹಾಕುವ ಗಾಡಿ. ಟ್ರಾಫಿಕ್ ಅಂದರೆ ಜಾಮ್. ಗ್ರಾವೆಲ್ ಅಂದರೆ ಊರ ರಸ್ತೆಗೆ ಲಾರಿಯಲ್ಲಿ ತಂದು ಹೊಡೆಸುವ ಕೆಂಪು ಗೊಚ್ಚು. ಇನ್ನು ಟೋ? ನೋ ಪಾರ್ಕಿಂಗ್‌ನಲ್ಲಿ ಬಿಟ್ಟ ಸ್ಕೂಟರನ್ನು ಟೋ ಮಾಡಿಕೊಂಡು ಹೋದರು ಅನ್ನುತ್ತೇವಲ್ಲ, ಅದು. ಈ ನಾಲ್ಕರಲ್ಲಿ ನಮ್ಮ ಬಳಕೆಗೂ ಅಲ್ಲಿಯ ಅರ್ಥಕ್ಕೂ ನೇರವಾಗಿ ತಾಳೆಯಾಗುವುದು ಈ ಕೊನೆಯದೊಂದೇ. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಟೋ ಅಂದರೆ ಹಗ್ಗ ಕಟ್ಟಿ ಎಳೆಯುವುದು, ಪಾತ್ ಅಂದರೆ ದಾರಿ. ಕಾಲ್ಬೆರಳಿಗೂ ಇಂಗ್ಲಿಷಿನಲ್ಲಿ ಟೋ ಅನ್ನುತ್ತಾರೆ, ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ಹಾಗಾಗಿ ಕಾಲ್ನಡಿಗೆಯವರ ಕಿರುದಾರಿ ಎಂದು ತಿಳಿದುಕೊಳ್ಳುವವರಿದ್ದಾರೆ. ಅದಲ್ಲ. ಕಾಲುವೆಯ ದಡದಲ್ಲಿ ಕುದುರೆ ನಡೆಯುತ್ತಿತ್ತು. ಅದರ ಹೆಗಲಪಟ್ಟಿಗೆ ಕಟ್ಟಿದ ಉದ್ದನೆಯ ಹಗ್ಗದ ಇನ್ನೊಂದು ತುದಿ ನೀರಿನ ಮೇಲಿನ ದೋಣಿಗೆ. ದೋಣಿ ಎಳೆಯುವ ಕುದುರೆ ನಡೆಯಲೆಂದು ಮಾಡಿದ ದಾರಿಯೇ ಟೋಪಾತ್.

ಕುದುರೆಯೇ ಯಾಕೆ, ನೀರೇ ಯಾಕೆ ಎನ್ನುವುದಕ್ಕೆ ಲೆಕ್ಕ ಸರಳ. ಹದಿನೆಂಟನೆಯ ಶತಮಾನದ ಕೆಟ್ಟ ರಸ್ತೆಗಳಲ್ಲಿ ಒಂದು ಕುದುರೆ ಗಾಡಿ ಕಟ್ಟಿ ಎಳೆಯಬಲ್ಲದ್ದು ಹೆಚ್ಚೆಂದರೆ ಒಂದೆರಡು ಟನ್. ಅದೇ ಕುದುರೆ ನಿಂತ ನೀರಿನಲ್ಲಿ ತೇಲುವ ದೋಣಿಯನ್ನು 25–30 ಟನ್ ಕಲ್ಲಿದ್ದಲಿನ ಸಮೇತ ಎಳೆದುಕೊಂಡು ಹೋಗುತ್ತಿತ್ತು. 1761ರಲ್ಲಿ ಬ್ರಿಜ್‌ವಾಟರ್ ಕಾಲುವೆ ತೆರೆದು ವರ್ಸ್ಲಿಯ ಗಣಿಗಳ ಕಲ್ಲಿದ್ದಲು ಮ್ಯಾಂಚೆಸ್ಟರ್ ದಿಕ್ಕಿಗೆ ಹರಿಯತೊಡಗಿದಾಗ ಇದು ಎಲ್ಲರ ಕಣ್ಣಿಗೂ ಬಿತ್ತು. ಮುಂದಿನ ಐವತ್ತು-ಅರುವತ್ತು ವರ್ಷ ಇಂಗ್ಲೆಂಡ್ ಕಾಲುವೆ ತೋಡುತ್ತಲೇ ಇತ್ತು.

ಇಂದಿನ ಸೈಕಲ್ ಸವಾರ ಟೋಪಾತ್‌ನಲ್ಲಿ ಇಷ್ಟಪಡುವ ಎಲ್ಲವೂ ಆ ಕುದುರೆಗೆ ಸಲ್ಲಬೇಕಾದ್ದು. ಏರು ಇಲ್ಲ, ಯಾಕೆಂದರೆ ನೀರು ಸಮತಟ್ಟಾಗಿ ನಿಲ್ಲಬೇಕು, ಕುದುರೆ ನೀರಿನ ಪಕ್ಕದಲ್ಲೇ ನಡೆಯಬೇಕು. ಏರು ಬರುವುದು ಲಾಕ್ ಇರುವ ಕಡೆ ಮಾತ್ರ. ಇಲ್ಲಿ ಲಾಕ್ ಬೀಗವಲ್ಲ, ನೀರಿನ ಮೆಟ್ಟಿಲು. ಎರಡು ಬಾಗಿಲುಗಳ ನಡುವಿನ ಕಲ್ಲಿನ ತೊಟ್ಟಿಗೆ ದೋಣಿ ಬಿಟ್ಟುಕೊಂಡು, ನೀರು ತುಂಬಿಸಿ ಮೇಲೆತ್ತುತ್ತಾರೆ, ಖಾಲಿ ಮಾಡಿ ಕೆಳಗಿಳಿಸುತ್ತಾರೆ.

ನನಗೆ ಈ ಪದವನ್ನು ಬಿಡಿಸಿ ಹೇಳಲು ಕೆನೆಟ್ ಅಂಡ್ ಏವನ್ ಕಾಲುವೆಗಿಂತ ಒಳ್ಳೆಯ ಉದಾಹರಣೆ ಬೇರೆ ಕಾಣದು. ಇಂಜಿನಿಯರ್ ಜಾನ್ ರೆನ್ನಿ ರೂಪಿಸಿದ್ದು, ಪೂರ್ತಿಯಾಗಿ ತೆರೆದದ್ದು 1810ರಲ್ಲಿ. ರೆಡಿಂಗ್‌ನಿಂದ ಬ್ರಿಸ್ಟಲ್‌ವರೆಗೆ ನದಿಗಳನ್ನೂ ಸೇರಿಸಿಕೊಂಡು 87 ಮೈಲಿ, ಅಂದರೆ ಸುಮಾರು 140 ಕಿಲೋಮೀಟರ್. ಡಿವೈಜಸ್ ಪಟ್ಟಣದ ಬಳಿ ಗುಡ್ಡ ಅಡ್ಡ ಬಂದಾಗ ರೆನ್ನಿ ಎರಡು ಮೈಲಿಯೊಳಗೆ 29 ಲಾಕ್ ಕಟ್ಟಿಸಿದ. ಒಟ್ಟು ಏರು 72 ಮೀಟರ್. ಅದರಲ್ಲಿ 16 ಲಾಕ್‌ಗಳು ಕೇನ್ ಹಿಲ್ ಎಂಬಲ್ಲಿ ಒಂದೇ ಸಾಲಿನಲ್ಲಿ, ಗುಡ್ಡದ ದೇವಸ್ಥಾನಕ್ಕೆ ಹತ್ತುವ ಮೆಟ್ಟಿಲ ಸಾಲಿನಂತೆ ನಿಂತಿವೆ. ದೋಣಿಯವರಿಗೆ ಇದನ್ನು ದಾಟಲು ಅರ್ಧ ದಿನ ಬೇಕು. ಸೈಕಲ್‌ನಲ್ಲಿ ಇಳಿಯುವುದು ಕೆಲವೇ ನಿಮಿಷ. ಡಿವೈಜಸ್‌ನಿಂದ ಪೂರ್ವಕ್ಕೆ ಹೊರಟರೆ ಹದಿನೈದು ಮೈಲಿ ಒಂದು ಲಾಕ್ ಕೂಡ ಇಲ್ಲ. ಅದಕ್ಕೆ ಅಲ್ಲಿಯವರು ‘ಲಾಂಗ್ ಪೌಂಡ್’ ಅನ್ನುತ್ತಾರೆ. ಪೌಂಡ್ ಎಂದರೆ ಇಲ್ಲಿ ಹಣವೂ ಅಲ್ಲ, ತೂಕವೂ ಅಲ್ಲ, ಎರಡು ಲಾಕ್‌ಗಳ ನಡುವೆ ಕಟ್ಟಿ ನಿಲ್ಲಿಸಿದ ನೀರು.

ಸೇತುವೆಗಳಲ್ಲಿ ಕುದುರೆಯ ಗುರುತು ಇನ್ನೂ ಸ್ಪಷ್ಟ. ಹಳೆಯ ಕಾಲುವೆ ಸೇತುವೆಗಳ ಕಮಾನಿನ ಅಂಚನ್ನು ನೋಡಿ: ಕಲ್ಲಿನಲ್ಲಿ, ಕೆಲವೆಡೆ ಅದಕ್ಕೆ ಹೊದಿಸಿದ ಕಬ್ಬಿಣದ ಪಟ್ಟಿಯಲ್ಲೂ, ಬೆರಳು ಹಿಡಿಸುವಷ್ಟು ಆಳದ ಗೀರುಗಳಿವೆ. ಒದ್ದೆ ಹಗ್ಗ ತಲೆಮಾರುಗಟ್ಟಲೆ ಉಜ್ಜಿ ಆದದ್ದು. ನಮ್ಮೂರ ಹಳೆಯ ಬಾವಿಕಟ್ಟೆಯ ಕಲ್ಲಿನ ಮೇಲೆ ಬಿಂದಿಗೆ ಹಗ್ಗ ಬಿಟ್ಟ ಗುರುತು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ದಾರಿ ಕಾಲುವೆಯ ಈ ದಡದಿಂದ ಆ ದಡಕ್ಕೆ ಬದಲಾಗುವ ಕಡೆ, ಮ್ಯಾಕಲ್ಸ್‌ಫೀಲ್ಡ್ ಕಾಲುವೆಯಲ್ಲಿ, ಸೇತುವೆಯನ್ನು ಹಾವಿನಂತೆ ಸುತ್ತಿಸಿ ಕಟ್ಟಿದ್ದಾರೆ. ಕುದುರೆ ಮೇಲೇರಿ ಆಚೆ ದಡಕ್ಕಿಳಿದು ಅದೇ ಸೇತುವೆಯ ಕೆಳಗೆ ನುಸುಳಿದರೆ ಹಗ್ಗ ಬಿಚ್ಚುವ ಪ್ರಮೇಯವೇ ಬರುವುದಿಲ್ಲ. ಇಷ್ಟು ಚಂದದ ಇಂಜಿನಿಯರಿಂಗ್ ಒಂದು ಗಂಟು ಬಿಚ್ಚುವ ಶ್ರಮ ಉಳಿಸಲು! ಲಂಡನ್ನಿನ ರೀಜೆಂಟ್ಸ್ ಕಾಲುವೆಯ ದಡದಲ್ಲಿ ನೀರಿಗಿಳಿಯುವ ಇಳಿಜಾರುಗಳಿವೆ. ರೈಲಿನ ಸದ್ದಿಗೆ ಬೆದರಿ ನೀರಿಗೆ ಬಿದ್ದ ಕುದುರೆ ಹತ್ತಿ ಬರಲೆಂದು ಮಾಡಿದವು. ಕೆನೆಟ್ ಅಂಡ್ ಏವನ್‌ನ ಬ್ರೂಸ್ ಸುರಂಗದೊಳಗೆ ಟೋಪಾತ್ ಇಲ್ಲ. ಕುದುರೆ ಗುಡ್ಡದ ಮೇಲಿಂದ ನಡೆದು ಬರುತ್ತಿತ್ತು, ದೋಣಿಯವರು ಗೋಡೆಗೆ ಬಿಗಿದ ಸರಪಳಿ ಹಿಡಿದು ತಾವೇ ಎಳೆದುಕೊಳ್ಳುತ್ತಿದ್ದರು.

ಇದಕ್ಕೆ ಕನ್ನಡದಲ್ಲಿ ‘ನಾಲೆ ಏರಿ’ ಅನ್ನಬಹುದೇ? ಮಂಡ್ಯದ ಕಡೆಯವರಿಗೆ ಮೊದಲು ನೆನಪಾಗುವುದು ಅದೇ. ನೋಟಕ್ಕೆ ಹತ್ತಿರ, ಹುಟ್ಟಿನಲ್ಲಿ ದೂರ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಗದ್ದೆಗೆ ನೀರು ಹರಿಸಲು ಇರುವುದು, ಆದ್ದರಿಂದ ಅದಕ್ಕೆ ಇಳಿಜಾರು ಬೇಕು. ಏರಿ ನೀರನ್ನು ತಡೆಯುವ, ನಾಲೆಯನ್ನು ನೋಡಿಕೊಳ್ಳುವ ದಾರಿ, ಅದರ ಮೇಲೆ ಟ್ರ್ಯಾಕ್ಟರೂ ಹೋಗುತ್ತದೆ. ಟೋಪಾತ್ ಪಕ್ಕದ ನೀರು ಹೊರೆ ಹೊರಲು ಇದ್ದದ್ದು, ಸುಮ್ಮನೆ ನಿಲ್ಲುವ ನೀರು. ಹಾಗಾಗಿ ನಾನು ‘ಟೋಪಾತ್’ ಎಂದೇ ಉಳಿಸಿಕೊಳ್ಳುತ್ತೇನೆ. ಅರ್ಥ ಬಿಡಿಸಲೇಬೇಕಾದರೆ ‘ಹಗ್ಗದ ದಾರಿ’ ಅನ್ನುವುದು ನನಗೆ ಹಿಡಿಸುತ್ತದೆ.

ಇನ್ನು ಗ್ರಾವೆಲ್ ಬೈಕಿಂಗ್. ಬೈಕ್ ಅಂದರೆ ಇಲ್ಲಿ ಸೈಕಲ್. ರೇಸ್ ಸೈಕಲ್‌ನಂತೆ ಬಾಗಿದ ಹ್ಯಾಂಡಲ್, ಆದರೆ ಟೈರ್ 40 ಮಿಲಿಮೀಟರ್ ಆಸುಪಾಸು ದಪ್ಪ, ಗಾಳಿ ಕಡಿಮೆ, ಡಿಸ್ಕ್ ಬ್ರೇಕ್, ಏರಿಗೆ ಹಗುರ ಗೇರ್. ಡಾಂಬರೂ ಸೈ, ಜಲ್ಲಿಯೂ ಸೈ. ಹೆಸರು ಹರಡಿದ್ದು ಅಮೆರಿಕದಿಂದ. ಕಾನ್ಸಾಸ್‌ನ ಎಂಪೋರಿಯಾದಲ್ಲಿ 2006ರಲ್ಲಿ ಶುರುವಾದ, ಈಗ ಅನ್‌ಬೌಂಡ್ ಎಂದು ಕರೆಯುವ 200 ಮೈಲಿಯ ಜಲ್ಲಿರಸ್ತೆ ಸ್ಪರ್ಧೆ ಇದಕ್ಕೆ ದೊಡ್ಡ ಹೆಸರು ತಂದಿತು. 2022ರಲ್ಲಿ ಇಟಲಿಯಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ಕೂಡ ನಡೆಯಿತು. ಆದರೆ ಕೆಲಸ ಹಳೆಯದು. ಬ್ರಿಟನ್ನಿನಲ್ಲಿ ಮಣ್ಣುದಾರಿಯ ಸೈಕಲ್ ಸವಾರರು 1955ರಲ್ಲೇ ‘ರಫ್ ಸ್ಟಫ್ ಫೆಲೋಶಿಪ್’ ಎಂಬ ಕೂಟ ಕಟ್ಟಿಕೊಂಡಿದ್ದರು. ಸಾಮಾನ್ಯ ಸೈಕಲ್‌ಗಳಲ್ಲೇ ಗುಡ್ಡ ಹತ್ತುತ್ತಿದ್ದರು, ದಾರಿ ಇಲ್ಲದಲ್ಲಿ ಸೈಕಲನ್ನೇ ಹೊರುತ್ತಿದ್ದರು. ಟೋಪಾತ್‌ಗೆ ದುಬಾರಿ ಗ್ರಾವೆಲ್ ಬೈಕೇ ಬೇಕೆಂದು ಯಾರಾದರೂ ಹೇಳಿದರೆ ನಂಬಬೇಡಿ. ಬಾತ್ ನಗರದಿಂದ ಡಿವೈಜಸ್‌ವರೆಗಿನ ದಾರಿ ರಾಷ್ಟ್ರೀಯ ಸೈಕಲ್ ಮಾರ್ಗ 4ರ ಭಾಗ, ಕೊಂಚ ದಪ್ಪ ಟೈರಿನ ಯಾವ ಸೈಕಲ್ಲಿಗೂ ಸಾಕು. ಅಲ್ಲಿಂದ ಪೂರ್ವಕ್ಕೆ ಹುಲ್ಲು, ಬೇರು, ಮಳೆಗಾಲವಾದರೆ ಕೆಸರು. ಗ್ರಾವೆಲ್ ಟೈರಿನ ಬೆಲೆ ತಿಳಿಯುವುದು ಅಲ್ಲಿ.

ಟ್ರಾಫಿಕ್-ಫ್ರೀ ಅಂದರೆ ಜಾಮ್ ಇಲ್ಲ ಎಂದಲ್ಲ, ಮೋಟಾರು ವಾಹನವೇ ಇಲ್ಲ ಎಂದು. ಜನ ಇಲ್ಲ ಎಂದೂ ಅಲ್ಲ: ನಡೆಯುವವರು, ನಾಯಿ, ಮಕ್ಕಳ ಗಾಡಿ, ಗಾಳ ಹಾಕಿ ಕೂತವರು, ದೋಣಿಯನ್ನೇ ಮನೆ ಮಾಡಿಕೊಂಡವರು ಎಲ್ಲರೂ ಇರುತ್ತಾರೆ, ಮತ್ತು ನಡೆಯುವವರಿಗೇ ಮೊದಲ ಹಕ್ಕು. ಸೇತುವೆಯ ಕಮಾನಿನ ಕೆಳಗೆ ದಾರಿ ಕಿರಿದು, ಎದುರಿನವರು ಕಾಣುವುದಿಲ್ಲ. ಬೆಲ್ ಹೊಡೆದು ನಿಧಾನಿಸಬೇಕು, ಇಳಿದು ತಳ್ಳಿದರೆ ಇನ್ನೂ ಒಳ್ಳೆಯದು. ಕುದುರೆಯ ನಡಿಗೆಗೆ ಹಾಕಿದ ದಾರಿಯಲ್ಲಿ ವೇಗದ ದಾಖಲೆ ಮಾಡಲು ಹೊರಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಮೋಟಾರಿಲ್ಲದ ಈ ದಾರಿ ತಾನಾಗಿ ಉಳಿದದ್ದಲ್ಲ ಎನ್ನುವುದಕ್ಕೆ ಅಮೆರಿಕದ ಕತೆ ಕೇಳಬೇಕು. ವಾಷಿಂಗ್ಟನ್‌ನಿಂದ ಕಂಬರ್ಲೆಂಡ್‌ವರೆಗೆ ಪೊಟೋಮ್ಯಾಕ್ ನದಿಯ ಪಕ್ಕದಲ್ಲೇ ಹೋಗುವ ಸಿ ಅಂಡ್ ಓ (ಚೆಸಪೀಕ್ ಅಂಡ್ ಓಹಾಯೋ) ಕಾಲುವೆಯ ಟೋಪಾತ್ 184.5 ಮೈಲಿ ಉದ್ದ. ಅಲ್ಲಿ ದೋಣಿ ಎಳೆದದ್ದು ಹೇಸರಗತ್ತೆಗಳು. 1924ರ ಪ್ರವಾಹದ ನಂತರ ಸಾಗಾಟ ನಿಂತಿತು. 1950ರ ದಶಕದಲ್ಲಿ ಆ ಜಾಗದಲ್ಲಿ ಕಾರುಗಳಿಗೆ ರಸ್ತೆ ಮಾಡುವ ಯೋಜನೆ ಬಂದು, ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆ ಅದನ್ನು ಬೆಂಬಲಿಸಿ ಸಂಪಾದಕೀಯ ಬರೆಯಿತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಪತ್ರಿಕೆಗೆ ಕಾಗದ ಬರೆದು, ನನ್ನ ಜೊತೆ ಪೂರ್ತಿ ದಾರಿ ನಡೆದು ನೋಡಿ ಎಂದು ಸಂಪಾದಕರನ್ನು ಕರೆದರು. 1954ರ ಮಾರ್ಚ್‌ನಲ್ಲಿ ಎಂಟು ದಿನ ನಡೆದರು. ಕೊನೆಯವರೆಗೆ ನಡೆದವರು ಒಂಬತ್ತೇ ಮಂದಿ, ಆದರೆ ಪತ್ರಿಕೆ ತನ್ನ ನಿಲುವು ಬದಲಿಸಿತು. 1971ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. ಮೇರಿಲ್ಯಾಂಡ್, ವರ್ಜೀನಿಯಾಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಮನೆಯ ಹತ್ತಿರದ ಟೋಪಾತ್ ಇದೇ.

ಕೆನೆಟ್ ಅಂಡ್ ಏವನ್‌ಗೂ ಇಂಥದೇ ಗಂಡಾಂತರ ಬಂದಿತ್ತು. ರೈಲ್ವೆ ಕಂಪನಿಯ ಕೈಸೇರಿ, ಹೂಳು ತುಂಬಿ, ಲಾಕ್‌ಗಳು ಕೊಳೆತು ಮುಚ್ಚಿಯೇ ಹೋಗುವುದರಲ್ಲಿತ್ತು. ಸ್ವಯಂಸೇವಕರು ದಶಕಗಟ್ಟಲೆ ಮಣ್ಣು ಹೊತ್ತರು. 1990ರಲ್ಲಿ ಮತ್ತೆ ಪೂರ್ತಿ ತೆರೆಯಿತು.

ಮಗಳು ಫೋನಿನಲ್ಲಿ ಹೇಳದಿದ್ದರೂ ಈ ದಾರಿಯಲ್ಲಿ ಎದುರಾಗುವ ಪದ ಇನ್ನೊಂದಿದೆ, ಡೌನ್ಸ್. ಕೆಳಗೆ ಎಂದು ತಿಳಿದರೆ ದಾರಿ ತಪ್ಪಿದಿರಿ. ಇದು ಗುಡ್ಡ ಎಂಬರ್ಥದ ಹಳೆಯ ಇಂಗ್ಲಿಷ್ ಪದದಿಂದ ಬಂದದ್ದು. ಲಾಂಗ್ ಪೌಂಡ್‌ನ ಉತ್ತರಕ್ಕೆ ಕಾಣುವ, ಮರವಿಲ್ಲದ, ಅಲೆಯಲೆಯಾದ ಸುಣ್ಣಕಲ್ಲಿನ ಗುಡ್ಡಗಳೇ ಡೌನ್ಸ್. ಅವುಗಳ ಮೇಲೆ ಬ್ರೈಡಲ್‌ವೇಗಳಿವೆ. ಕುದುರೆ ಸವಾರರ ಆ ಹಳೆಯ ದಾರಿಗಳಲ್ಲಿ ಸೈಕಲ್ ಓಡಿಸುವ ಹಕ್ಕನ್ನು 1968ರ ಕಾನೂನು ಕೊಟ್ಟಿದೆ. ಹನಿಸ್ಟ್ರೀಟ್ ಎಂಬ ಹಳ್ಳಿಯಲ್ಲಿ ಟೋಪಾತ್ ಬಿಟ್ಟು ಉತ್ತರಕ್ಕೆ ತಿರುಗಿದರೆ, ಎದುರಿನ ಗುಡ್ಡದ ಹುಲ್ಲು ಕೆತ್ತಿ ಬಿಳಿ ಸುಣ್ಣಕಲ್ಲಿನಲ್ಲಿ ಮೂಡಿಸಿದ ದೊಡ್ಡ ಕುದುರೆ ಕಾಣುತ್ತದೆ. 1812ರದ್ದು, ಕಾಲುವೆ ಪೂರ್ತಿಯಾದ ಎರಡೇ ವರ್ಷಕ್ಕೆ ಮೂಡಿದ್ದು. ಹಗುರ ಗೇರಿಗೆ ಹಾಕಿ, ಏದುಸಿರು ಬಿಡುತ್ತ ಅದರ ಪಕ್ಕಕ್ಕೆ ಹತ್ತಿ ನಿಂತು ಹಿಂದಿರುಗಿ ನೋಡಿ: ಏರಿಳಿಯುವ ಹೊಲಗಳ ನಡುವೆ, ಕುದುರೆ ನಡೆದ ಆ ದಾರಿ ಮಾತ್ರ ಎಲ್ಲೂ ಏರದೆ ಇಳಿಯದೆ ನೀರಿನ ಪಕ್ಕದಲ್ಲೇ ಸಾಗುತ್ತಿರುತ್ತದೆ.